ವಿಂಡೋಸ್ 10 ಇಟ್ಟುಕೊಳ್ಳೋಣವೇ, 11ಕ್ಕೆ ಹೋಗೋಣವೇ?

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಇದೇ ವಿಷಯದ್ದು. ಅದರಲ್ಲೂ ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಯವು ಜಾಸ್ತಿ. ಪ್ರಿಂಟರ್, ಮೊಬೈಲ್ ಪ್ರಶ್ನೆಗಳನ್ನೆಲ್ಲ ಮುಂದಿನ ಸಂಚಿಕೆಗೆ ಬಿಟ್ಟು ಇವನ್ನೇ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ಸಿಂಧನೂರಿನಲ್ಲಿ ನಮ್ಮದು ಬೀಜ, ಗೊಬ್ಬರದ ಅಂಗಡಿ. ಕಂಪ್ಯೂಟರ್ 2019ರಲ್ಲಿ ಅಸೆಂಬಲ್ ಮಾಡಿಸಿದ್ದು. ಐ5-8400 ಪ್ರೊಸೆಸರ್, 8 ಜಿಬಿ ರ‍್ಯಾಮ್. ಟ್ಯಾಲಿ, ಜಿಎಸ್‌ಟಿ, ಬ್ಯಾಂಕ್ ಎಲ್ಲ ಇದರಲ್ಲೇ. ವಿಂಡೋಸ್ 11 ಹಾಕಲು ಹೋದರೆ ಟಿಪಿಎಂ 2.0 ಇಲ್ಲ ಅಂತ ತೋರಿಸುತ್ತದೆ. ಮದರ್‌ಬೋರ್ಡ್ ಬದಲಾಯಿಸಿ, ಇಲ್ಲಾಂದ್ರೆ ಹೊಸದೇ ತಗೊಳ್ಳಿ ಅಂತ ರಿಪೇರಿಯವರು ಹೇಳುತ್ತಾರೆ. ಏನು ಮಾಡಲಿ ಸರ್?

ಉತ್ತರ: ಮೊದಲು ಆ ಮದರ್‌ಬೋರ್ಡ್ ಖರ್ಚು ನಿಲ್ಲಿಸಿ. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಾದರೆ ಎಂಟನೇ ತಲೆಮಾರಿನ ಪ್ರೊಸೆಸರ್ ಅಥವಾ ಅದಕ್ಕಿಂತ ಹೊಸದು ಬೇಕು. ನಿಮ್ಮದು 8400, ಮೊದಲ ಅಂಕಿಯೇ 8. ಅಂದರೆ ನೀವು ಗಡಿಯ ಒಳಗೇ ಇದ್ದೀರಿ. ಟಿಪಿಎಂ ಅನ್ನೋದು ಪಾಸ್‌ವರ್ಡ್, ಎನ್‌ಕ್ರಿಪ್ಶನ್ ಕೀಲಿಗಳನ್ನು ಜೋಪಾನವಾಗಿಡುವ ಒಂದು ವ್ಯವಸ್ಥೆ. ಆ ಕಾಲದ ಇಂಟೆಲ್ ಮಷೀನ್‌ಗಳಲ್ಲಿ ಅದು ಸಾಮಾನ್ಯವಾಗಿ ಒಳಗೇ ಬಂದಿರುತ್ತದೆ, ಆದರೆ ಅಸೆಂಬಲ್ ಮಾಡಿದ ಎಷ್ಟೋ ಕಂಪ್ಯೂಟರ್‌ಗಳಲ್ಲಿ ಆಫ್ ಆಗಿರುತ್ತದೆ. ಬಯೋಸ್‌ಗೆ, ಅಂದರೆ ವಿಂಡೋಸ್ ಶುರುವಾಗುವ ಮೊದಲು ತೆರೆಯುವ ಸೆಟ್ಟಿಂಗ್ ಪರದೆಗೆ ಹೋಗಿ ಪಿಟಿಟಿ ಅನ್ನುವ ಆಯ್ಕೆ ಹುಡುಕಿ ಆನ್ ಮಾಡಿ, ಅಷ್ಟೇ. ಎಎಂಡಿ ಇರುವವರಿಗೆ ಇದೇ ಆಯ್ಕೆ ಎಫ್‌ಟಿಪಿಎಂ ಅನ್ನುವ ಹೆಸರಲ್ಲಿ ಸಿಗುತ್ತದೆ. ಹತ್ತು ನಿಮಿಷದ ಕೆಲಸಕ್ಕೆ ಹೊಸ ಬೋರ್ಡ್ ಮಾರುವವರು ಎಲ್ಲ ಊರಲ್ಲೂ ಇದ್ದಾರೆ, ಏನ್ ಮಾಡೋದು.

ಒಂದು ಕಡೆ ಮಾತ್ರ ಹುಷಾರು. ಸ್ಟಾರ್ಟ್ ಮೆನುವಿನಲ್ಲಿ ಸಿಸ್ಟಮ್ ಇನ್ಫರ್ಮೇಶನ್ ಅಂತ ಹುಡುಕಿ ತೆರೆಯಿರಿ, ಅಲ್ಲಿ ಬಯೋಸ್ ಮೋಡ್ ಅನ್ನುವ ಸಾಲಿನ ಮುಂದೆ ಯುಇಎಫ್‌ಐ (ವಿಂಡೋಸ್ 11ಕ್ಕೆ ಬೇಕಾದ ಹೊಸ ಬೂಟ್ ಪದ್ಧತಿ) ಅಂತ ಇದ್ದರೆ ಚಿಂತೆಯಿಲ್ಲ. ಲೆಗಸಿ ಅಂತ ಇದ್ದರೆ ನಿಮ್ಮ ಡಿಸ್ಕ್ ಹಳೆಯ ಎಂಬಿಆರ್ ಪದ್ಧತಿಯದು. ಅದನ್ನು ಬದಲಾಯಿಸದೆ ಸುಮ್ನೆ ಬಯೋಸ್‌ನಲ್ಲಿ ಯುಇಎಫ್‌ಐ ಮಾಡಿಬಿಟ್ಟರೆ ಕಂಪ್ಯೂಟರ್ ಬೂಟ್ ಆಗುವುದಿಲ್ಲ, ಆಗ ರಿಪೇರಿಯವರು 'ನಾನು ಹೇಳಿರಲಿಲ್ವಾ' ಅನ್ನುತ್ತಾರೆ. ವಿಂಡೋಸ್ 10ರ ಒಳಗೇ ಎಂಬಿಆರ್2ಜಿಪಿಟಿ ಅನ್ನುವ ಸಾಧನ ಇದೆ, ಫೈಲ್ ಅಳಿಸದೆ ಡಿಸ್ಕನ್ನು ಬದಲಾಯಿಸುತ್ತದೆ. ಗೊತ್ತಿದ್ದವರ ಕೈಯಲ್ಲೇ ಮಾಡಿಸಿ, ಬ್ಯಾಕಪ್ ತೆಗೆದ ಮೇಲೆ.

ಹೋಗಲೇಬೇಕಾ ಅಂತ ಕೇಳಿದರೆ, ನೀವು ಹೋಗಬೇಕು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಅವತ್ತಿಗೆ ಕಂಪ್ಯೂಟರ್ ನಿಂತುಹೋಗಲಿಲ್ಲ, ಅದಕ್ಕೇ ಜನ ಏನೂ ಆಗಿಲ್ಲ ಅಂದುಕೊಂಡಿದ್ದಾರೆ. ಆಗಿದ್ದು ಏನೆಂದರೆ, ಆಮೇಲೆ ಸಿಗುವ ಭದ್ರತೆಯ ತೂತುಗಳಿಗೆ ಪ್ಯಾಚ್, ಅಂದರೆ ತೂತು ಮುಚ್ಚುವ ಅಪ್‌ಡೇಟ್, ಮೊದಲಿನ ಹಾಗೆ ತಾನಾಗಿ ಬರುವುದಿಲ್ಲ. 2017ರ ಮೇ ತಿಂಗಳಲ್ಲಿ ವಾನ್ನಾಕ್ರೈ ಅನ್ನುವ ದುಷ್ಟ ಪ್ರೋಗ್ರಾಂ ಬಂದು ಜಗತ್ತಿನ ಆಸ್ಪತ್ರೆ, ಕಾರ್ಖಾನೆಗಳ ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳಿತ್ತಲ್ವಾ, ಅದು ಬಳಸಿದ ತೂತಿಗೆ ಮೈಕ್ರೋಸಾಫ್ಟ್ ಎರಡು ತಿಂಗಳ ಮೊದಲೇ, ಮಾರ್ಚ್‌ನಲ್ಲೇ, ಪ್ಯಾಚ್ ಕೊಟ್ಟಿತ್ತು. ಹಾಕಿಕೊಂಡವರು ಉಳಿದರು. ನಿಮ್ಮ ಕಂಪ್ಯೂಟರ್‌ನಲ್ಲಿ ಬ್ಯಾಂಕ್ ಇದೆ, ರೈತರ ಉದ್ರಿ ಲೆಕ್ಕ ಇದೆ. ಪ್ಯಾಚ್ ಇಲ್ಲದೆ ಅದನ್ನು ನೆಟ್‌ಗೆ ಹಚ್ಚಿ ಇಡುವುದು ಬೇಡ.

ಮಾಡುವಾಗ ಟ್ಯಾಲಿಯ ಒಳಗಿನಿಂದಲೇ ಬ್ಯಾಕಪ್ ತೆಗೆದು ಪೆನ್‌ಡ್ರೈವ್‌ಗೆ ಹಾಕಿ, ಆ ಪೆನ್‌ಡ್ರೈವ್ ಕಿತ್ತು ಗಲ್ಲಾದಲ್ಲಿಡಿ. ಫಾರ್ಮ್ಯಾಟ್ ಮಾಡಿ ಹೊಸದಾಗಿ ಹಾಕಿಸುವುದಾದರೆ ಟ್ಯಾಲಿ ಲೈಸೆನ್ಸನ್ನು ಮೊದಲು ಸರೆಂಡರ್ ಮಾಡಿ, ಅಂದರೆ ಈ ಕಂಪ್ಯೂಟರ್‌ನಿಂದ ಬಿಡಿಸಿಕೊಳ್ಳಿ. ಇದ್ದದ್ದರ ಮೇಲೆಯೇ ಅಪ್‌ಗ್ರೇಡ್ ಮಾಡಿದರೆ ಫೈಲ್, ಪ್ರೋಗ್ರಾಂ ಎಲ್ಲ ಹಾಗೇ ಉಳಿಯುತ್ತವೆ. ನಿಮ್ಮ ವಿಂಡೋಸ್ 10 ಅಸಲಿಯಾಗಿದ್ದರೆ 11ಕ್ಕೆ ಒಂದು ಪೈಸೆ ಕೊಡಬೇಕಿಲ್ಲ. ಫೈಲ್ ಡೌನ್‌ಲೋಡ್ 5 ಜಿಬಿ ದಾಟುತ್ತದೆ, ದಿನಕ್ಕೆ 1.5 ಜಿಬಿಯ ಮೊಬೈಲ್ ಪ್ಯಾಕ್‌ನಲ್ಲಿ ಕೂತರೆ ಆಗದ ಮಾತು. ಫೈಬರ್ ಇರುವ ಯಾರದಾದರೂ ಮನೆಯಲ್ಲಿ ಒಂದು ಸಲ 8 ಜಿಬಿ ಪೆನ್‌ಡ್ರೈವ್‌ಗೆ ಇಳಿಸಿಕೊಂಡರೆ ಅದರಿಂದಲೇ ಅಂಗಡಿಯ ಎಲ್ಲ ಕಂಪ್ಯೂಟರ್‌ಗೂ ಹಾಕಬಹುದು. ನಮ್ಮ ಕಡೆ ಬೇಸಿಗೆಯ ಮಧ್ಯಾಹ್ನ ಕರೆಂಟ್ ಯಾವಾಗ ಹೋಗುತ್ತದೋ ಹೇಳಲಾಗದು, ಯುಪಿಎಸ್ ಬ್ಯಾಟರಿ ಗಟ್ಟಿ ಇದೆಯಾ ನೋಡಿಕೊಂಡು ಬೆಳಗ್ಗೆ ಬೇಗ ಶುರು ಮಾಡಿ. ಹಿಡಿಸಲಿಲ್ಲ ಅಂದರೆ 10 ದಿನದೊಳಗೆ ಸೆಟ್ಟಿಂಗ್ಸ್‌ನ ರಿಕವರಿಯಿಂದ ವಾಪಸ್ 10ಕ್ಕೆ ಬರಬಹುದು. ಆಮೇಲೆ ಆ ದಾರಿ ಇಲ್ಲ, ಹಾಗಾಗಿ ಮೊದಲ ವಾರದಲ್ಲೇ ಪ್ರಿಂಟರ್, ಬಿಲ್ಲು, ರಿಟರ್ನ್ ಎಲ್ಲ ಒಂದೊಂದು ಸಲ ಮಾಡಿ ನೋಡಿ.

ಪ್ರಶ್ನೆ: ಕುಷ್ಟಗಿ ತಾಲ್ಲೂಕಿನ ಹಳ್ಳಿಯಲ್ಲಿ ಜೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿ ಹಾಕುವ ಅಂಗಡಿ ಇದೆ. ಬೆರಳಚ್ಚಿನ ಮಷೀನ್‌ನಲ್ಲಿ ಆಧಾರ್ ಮೂಲಕ ಹಣ ತೆಗೆದುಕೊಡುತ್ತೇನೆ. ಲ್ಯಾಪ್‌ಟಾಪ್ ಐ3-6006ಯು, 4 ಜಿಬಿ. ಇದಕ್ಕೆ 11 ಹತ್ತುವುದಿಲ್ಲವಂತೆ, ಆದರೆ ಗೆಳೆಯನೊಬ್ಬ ಚೆಕಿಂಗ್ ತಪ್ಪಿಸಿ ಹಾಕಿಕೊಡುತ್ತೇನೆ ಅನ್ನುತ್ತಿದ್ದಾನೆ. ಹಾಕಿಸಲೇ ಅಣ್ಣ?

ಉತ್ತರ: ಬೇಡ ತಮ್ಮ. ಹಾಗೆ ಹಾಕಬಹುದು, ಓಡುತ್ತದೆ ಕೂಡ, ಸುಳ್ಳು ಹೇಳಲ್ಲ. ಆದರೆ ಹೊಂದಿಕೆಯಾಗದ ಮಷೀನ್‌ಗೆ ಅಪ್‌ಡೇಟ್ ಬರುತ್ತದೆ ಅನ್ನುವ ಭರವಸೆ ಇಲ್ಲ ಅಂತ ಮೈಕ್ರೋಸಾಫ್ಟೇ ಹೇಳಿದೆ. ಅಪ್‌ಡೇಟ್‌ಗಾಗಿ 11ಕ್ಕೆ ಹೋಗಿ ಅದೇ ಸಿಗದಿದ್ದರೆ ಹೋಗಿದ್ದು ಯಾಕೆ? 4 ಜಿಬಿ ರ‍್ಯಾಮ್, ಒಳಗೆ ಹಳೆಯ ಹಾರ್ಡ್‌ಡಿಸ್ಕ್ ಬೇರೆ ಇದ್ದರೆ, ಕಟ್ಟೆಯ ಮೇಲೆ ಕೂತ ಗಿರಾಕಿಗಳು ಎದ್ದು ಹೋಗುತ್ತಾರೆ.

ನಿಮಗೆ ಒಂದು ವರ್ಷದ ದಾರಿ ಇದೆ. ಇಎಸ್‌ಯು ಅಂತ, ವಿಂಡೋಸ್ 10ಕ್ಕೆ ಭದ್ರತೆಯ ಪ್ಯಾಚ್ ಮಾತ್ರ 2026ರ ಅಕ್ಟೋಬರ್ 13ರವರೆಗೆ ಕೊಡುವ ಯೋಜನೆ. ವಿಂಡೋಸ್ 10ರ ಕೊನೆಯ ಆವೃತ್ತಿ 22ಎಚ್2 ಇರಬೇಕು, ಮೈಕ್ರೋಸಾಫ್ಟ್ ಅಕೌಂಟ್‌ನಿಂದ ಲಾಗಿನ್ ಆಗಿರಬೇಕು. ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ಸೇರಿಕೊಳ್ಳುವ ಗುಂಡಿ ಕಾಣುತ್ತದೆ. 30 ಡಾಲರ್ ಅಂತ ಹೆದರಬೇಡಿ, ನಿಮ್ಮ ಸೆಟ್ಟಿಂಗ್‌ಗಳನ್ನು ಅಕೌಂಟ್‌ಗೆ ಬ್ಯಾಕಪ್ ಮಾಡಲು ಒಪ್ಪಿದರೆ ಪುಕ್ಕಟೆ. ಒಂದು ಅಕೌಂಟ್‌ನಲ್ಲಿ 10 ಕಂಪ್ಯೂಟರ್‌ಗಳವರೆಗೆ ಸೇರಿಸಬಹುದು, ಮನೆಯದ್ದನ್ನೂ ಹಾಕಿಬಿಡಿ.

ಆ ಗಡುವು ಮುಗಿಯುವ ಮೊದಲು ಬೇರೆ ಲ್ಯಾಪ್‌ಟಾಪ್‌ಗೆ ದುಡ್ಡು ಹೊಂದಿಸಿಕೊಳ್ಳಿ. ಸೆಕೆಂಡ್ ಹ್ಯಾಂಡ್ ಆದರೂ ಆದೀತು, ಎಂಟನೇ ತಲೆಮಾರಿಗಿಂತ ಹಳೆಯದು ಬೇಡ, 8 ಜಿಬಿ ರ‍್ಯಾಮ್ ಮತ್ತು ಎಸ್‌ಎಸ್‌ಡಿ ಇರಲಿ. ತಗೊಳ್ಳುವ ಮೊದಲು ಬೆರಳಚ್ಚಿನ ಮಷೀನ್ ಕೊಟ್ಟವರನ್ನು ಕೇಳಿ: ಇದರ ಡ್ರೈವರ್, ಆರ್‌ಡಿ ಸರ್ವಿಸ್ (ಆಧಾರ್‌ಗೆ ಬೆರಳಚ್ಚು ಕೊಡುವ ಪ್ರೋಗ್ರಾಂ) ವಿಂಡೋಸ್ 11ರಲ್ಲಿ ಓಡುತ್ತದೆಯಾ ಅಂತ. ಅದು ನಿಂತರೆ ನಿಮ್ಮ ವ್ಯಾಪಾರ ನಿಂತ ಹಾಗೆ.

ಕೇಳದಿದ್ದರೂ ಒಂದು ಮಾತು. ಇಂಥ ಅಂಗಡಿಗಳ ಡೌನ್‌ಲೋಡ್ಸ್ ಫೋಲ್ಡರ್ ತೆರೆದರೆ ಊರಿನ ಅರ್ಧ ಜನರ ಆಧಾರ್, ಪಾಸ್‌ಬುಕ್, ಪಹಣಿ ವಾಟ್ಸಾಪ್‌ನಿಂದ ಇಳಿದು ಬಿದ್ದಿರುತ್ತವೆ. ವಿಂಡೋಸ್ ಯಾವುದೇ ಇರಲಿ, ಸಂಜೆ ಅಂಗಡಿ ಮುಚ್ಚುವ ಮುಂಚೆ ಅವನ್ನು ಅಳಿಸಿ.

ಪ್ರಶ್ನೆ: ಗಂಗಾವತಿಯ ರೈಸ್ ಮಿಲ್ಲಿನಲ್ಲಿ ಕೆಲಸ. ವೇಬ್ರಿಡ್ಜ್ ಕಂಪ್ಯೂಟರ್ ಇನ್ನೂ ವಿಂಡೋಸ್ 7. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್‌ನಲ್ಲಿ ತೂಕದ ಚೀಟಿ ಬರುತ್ತದೆ. ಇದನ್ನೂ ಬದಲಾಯಿಸಬೇಕಾ?

ಉತ್ತರ: ನೆಟ್ ಇಲ್ಲವಾದರೆ ಮುಟ್ಟಬೇಡಿ. ವಿಂಡೋಸ್ 7ರ ಬೆಂಬಲ 2020ರ ಜನವರಿ 14ಕ್ಕೇ ಮುಗಿದಿದೆ, ಆದರೆ ಲಾರಿ ತೂಗುವುದಕ್ಕೆ ಅದರಿಂದ ಅಡ್ಡಿಯೇನೂ ಇಲ್ಲ. ಹಳೆಯ ಸೀರಿಯಲ್ ಪೋರ್ಟ್, ಹಳೆಯ ಪ್ರೋಗ್ರಾಂ, ಅದನ್ನು ಬರೆದವನು ಈಗ ಎಲ್ಲಿದ್ದಾನೋ. ಹೊಸ ವಿಂಡೋಸ್ ಹಾಕಿದ ದಿನವೇ ಇದು ಕೈಕೊಟ್ಟು, ಭತ್ತದ ಸುಗ್ಗಿಯಲ್ಲಿ ಗೇಟಿನಿಂದಾಚೆ ಲಾರಿ ಸಾಲು ನಿಲ್ಲುತ್ತದೆ. ನೆಟ್‌ವರ್ಕ್ ವೈರ್ ಕಿತ್ತುಬಿಡಿ, ಡ್ರೈವರ್‌ಗಳ ಮೊಬೈಲ್ ಅದರಲ್ಲಿ ಚಾರ್ಜ್‌ಗೆ ಹಾಕಿಸಬೇಡಿ, ಸಿಕ್ಕಸಿಕ್ಕ ಪೆನ್‌ಡ್ರೈವ್ ಹಚ್ಚಿಸಬೇಡಿ. ಇ-ವೇ ಬಿಲ್, ವಾಟ್ಸಾಪ್ ಎಲ್ಲ ಆಫೀಸಿನ ಬೇರೆ ಕಂಪ್ಯೂಟರ್‌ನಲ್ಲಿ ನಡೆಯಲಿ. ಆ ಡಿಸ್ಕಿನ ಪೂರ್ತಿ ನಕಲು, ಕ್ಲೋನ್ ಅಂತಾರಲ್ಲ, ಇನ್ನೊಂದು ಡಿಸ್ಕಿಗೆ ಈಗಲೇ ಮಾಡಿಸಿಡಿ. ಧೂಳಿಗೆ ಅದು ಯಾವತ್ತಾದರೂ ಹೋಗುತ್ತದೆ.

ಪ್ರಶ್ನೆ: ನಾನು ಮಾನ್ವಿಯಲ್ಲಿ ಶಿಕ್ಷಕಿ. ವರ್ಷಗಟ್ಟಲೆ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಪ್ರಶ್ನೆಪತ್ರಿಕೆ, ನೋಟ್ಸ್ ಇವೆ. ವಿಂಡೋಸ್ 11 ಹಾಕಿದರೆ ಅವೆಲ್ಲ ಹಾಳಾಗುತ್ತವೆ ಅಂತ ಸಹೋದ್ಯೋಗಿಗಳು ಹೆದರಿಸಿದ್ದಾರೆ.

ಉತ್ತರ: ಹಾಳಾಗುವುದಿಲ್ಲ ಮೇಡಂ. ಹಳೆಯ ನುಡಿ ಫೈಲ್‌ಗಳಲ್ಲಿ ಕನ್ನಡ ಇರುವುದು ಫಾಂಟಿನಲ್ಲಿ. ಕಂಪ್ಯೂಟರ್‌ಗೆ ಅವು ಇಂಗ್ಲಿಷ್ ಅಕ್ಷರಗಳೇ, ನುಡಿ 01 ಇ ಫಾಂಟ್ ಅವನ್ನು ಕನ್ನಡದ ರೂಪದಲ್ಲಿ ತೋರಿಸುತ್ತದೆ. ಫಾಂಟ್ ಇಲ್ಲದಾಗ ಇಂಗ್ಲಿಷ್ ಅಕ್ಷರಗಳಿಗೆ ಟೋಪಿ, ಬಾಲ ಹಚ್ಚಿದ ಹಾಗೆ ಕಾಣುವುದು ಇದಕ್ಕೇ. ಫೈಲ್ ಒಳಗೆ ಏನೂ ಕೆಟ್ಟಿರುವುದಿಲ್ಲ, ಫಾಂಟ್ ಹಾಕಿದ ಕೂಡಲೇ ಸರಿಹೋಗುತ್ತದೆ. ಇದ್ದದ್ದರ ಮೇಲೆ ಅಪ್‌ಗ್ರೇಡ್ ಮಾಡಿದರೆ ಫಾಂಟ್‌ಗಳೂ ಉಳಿಯುತ್ತವೆ. ಫಾರ್ಮ್ಯಾಟ್ ಮಾಡಿಸಿದರೆ ಮಾತ್ರ ನುಡಿಯನ್ನು ಮತ್ತೆ ಹಾಕಿಕೊಳ್ಳಬೇಕು, ಆದ್ದರಿಂದ ಫೈಲ್‌ಗಳ ಜೊತೆಗೆ ಫಾಂಟ್‌ಗಳನ್ನೂ ಪೆನ್‌ಡ್ರೈವ್‌ಗೆ ನಕಲು ಮಾಡಿಡಿ. ತುಂಗಾ ಫಾಂಟ್ ಬಳಸುವವರಿಗೂ ಒಂದು ಸೂಚನೆ: ಹೊಸದಾಗಿ ಹಾಕಿದ ವಿಂಡೋಸ್‌ನಲ್ಲಿ ಅದು ಕಾಣದಿದ್ದರೆ ಗಾಬರಿ ಬೇಡ, ಸೆಟ್ಟಿಂಗ್ಸ್‌ನ ಆಪ್ಷನಲ್ ಫೀಚರ್ಸ್‌ನಲ್ಲಿ ಕನ್ನಡ ಫಾಂಟ್‌ಗಳ ಕಟ್ಟು ಸಿಗುತ್ತದೆ.

ಇಷ್ಟು ಹೇಳಿ ಸುಮ್ಮನಿರಲು ಮನಸ್ಸಿಲ್ಲ. ಇನ್ನು ಮುಂದಿನದನ್ನು ಯುನಿಕೋಡ್‌ನಲ್ಲೇ, ಅಂದರೆ ಕನ್ನಡ ಅಕ್ಷರವನ್ನು ಕನ್ನಡ ಅಕ್ಷರವಾಗಿಯೇ ಉಳಿಸುವ ಪದ್ಧತಿಯಲ್ಲೇ ಟೈಪ್ ಮಾಡಿ. ಅದು ಮೊಬೈಲ್‌ನಲ್ಲೂ ಕಾಣುತ್ತದೆ, ಹುಡುಕಿದರೆ ಸಿಗುತ್ತದೆ, ಮಕ್ಕಳ ವಾಟ್ಸಾಪ್ ಗುಂಪಿಗೂ ಹಾಗೇ ಕಳಿಸಬಹುದು. ವಿಂಡೋಸ್‌ನ ಒಳಗೇ ಕನ್ನಡ ಫೋನೆಟಿಕ್ ಕೀಬೋರ್ಡ್ 2019ರಿಂದ ಇದೆ. ಹಳೆಯದನ್ನೆಲ್ಲ ಒಟ್ಟಿಗೆ ಪರಿವರ್ತಿಸಲು ಕೂರಬೇಡಿ, ಬೇಕಾದಾಗ ಬೇಕಾದ್ದನ್ನು ಕನ್ವರ್ಟರ್‌ಗೆ ಹಾಕಿ, ಒತ್ತಕ್ಷರಗಳನ್ನು ಒಮ್ಮೆ ಓದಿ ನೋಡಿ.

ಫಾರ್ಮ್ಯಾಟ್ ಮಾಡಿಸಿ ವಿಂಡೋಸ್ 11 ಹಾಕಿಸಿದರೆ ಇನ್ನೊಂದು: ಈಚಿನ ಆವೃತ್ತಿಗಳಲ್ಲಿ ಮೈಕ್ರೋಸಾಫ್ಟ್ ಅಕೌಂಟ್ ಹಾಕಿ ಲಾಗಿನ್ ಆದ ಮೇಲೆ ಡಿಸ್ಕ್ ತಾನಾಗಿಯೇ ಎನ್‌ಕ್ರಿಪ್ಟ್ ಆಗಬಹುದು. ಅದರ ರಿಕವರಿ ಕೀ ಆ ಅಕೌಂಟ್‌ನಲ್ಲಿರುತ್ತದೆ. ಅಂಗಡಿಯ ಹುಡುಗ ತನ್ನದೇ ಇಮೇಲ್ ಹಾಕಿ ಶುರು ಮಾಡಿಕೊಟ್ಟಿದ್ದರೆ ಕೀಲಿ ಅವನ ಹತ್ತಿರ ಹೋಯಿತು ಅಂತ ಅರ್ಥ. ನಿಮ್ಮ ಇಮೇಲ್, ನಿಮ್ಮ ಕೈಯಿಂದಲೇ ಹಾಕಿ, ಆ ಕೀಯನ್ನು ಕಾಗದದ ಮೇಲೂ ಬರೆದಿಡಿ.

ಪ್ರಶ್ನೆ: ಬಳ್ಳಾರಿಯಲ್ಲಿ ಜೀನ್ಸ್ ಯೂನಿಟ್ ನಮ್ಮದು. ಎಂಬ್ರಾಯ್ಡರಿ ಡಿಸೈನ್ ಸಾಫ್ಟ್‌ವೇರ್ ಯುಎಸ್‌ಬಿ ಡಾಂಗಲ್ (ಪೆನ್‌ಡ್ರೈವ್‌ನಂಥ ಲೈಸೆನ್ಸ್ ಕೀಲಿ) ಹಾಕಿದರೆ ಮಾತ್ರ ಓಡುತ್ತದೆ. ಈಗಿರುವುದು 32 ಬಿಟ್ ವಿಂಡೋಸ್ 10. ಹೊಸ ಕಂಪ್ಯೂಟರ್ ತಗೊಂಡರೆ ಇದು ನಡೆಯುತ್ತದೆಯಾ?

ಉತ್ತರ: ಎಲ್ಲರಿಗಿಂತ ನಿಧಾನ ಮಾಡಬೇಕಾದವರು ನೀವು. ವಿಂಡೋಸ್ 11ರಲ್ಲಿ 32 ಬಿಟ್ ಅನ್ನೋದೇ ಇಲ್ಲ. ನಿಮ್ಮ ಹಳೆಯ ಸಾಫ್ಟ್‌ವೇರ್ ಅದರಲ್ಲೂ ಓಡಬಹುದು, ಆದರೆ ಡಾಂಗಲ್‌ನ ಡ್ರೈವರ್ 64 ಬಿಟ್‌ನದ್ದು ಬೇಕೇ ಬೇಕು. ಅದು ಇದ್ದರೂ ಹೊಸ ಮಷೀನ್‌ಗಳಲ್ಲಿ ಮೆಮೊರಿ ಇಂಟೆಗ್ರಿಟಿ ಅನ್ನುವ ಕಾವಲು ಮೊದಲಿನಿಂದಲೇ ಆನ್ ಇರುವುದರಿಂದ ಹಳೆಯ ಡ್ರೈವರನ್ನು ಅದು ತಡೆಯಬಹುದು. ಅದನ್ನು ಆಫ್ ಮಾಡಿ ಓಡಿಸೋಣ ಅನ್ನುವವರು ಸಿಗುತ್ತಾರೆ, ಒಪ್ಪಬೇಡಿ. ಸಾಫ್ಟ್‌ವೇರ್ ಮಾರಿದವರಿಗೆ ಫೋನ್ ಮಾಡಿ ವಿಂಡೋಸ್ 11ರ ಡ್ರೈವರ್ ಇದೆಯಾ ಕೇಳಿ. ಇಲ್ಲ ಅಂದರೆ ಹಳೆಯ ಕಂಪ್ಯೂಟರ್ ಡಿಸೈನ್‌ಗೆ ಮಾತ್ರ ಇರಲಿ, ನೆಟ್ ತೆಗೆದುಬಿಡಿ, ಬಿಲ್ಲು ಮತ್ತು ಆರ್ಡರ್‌ಗೆ ಇನ್ನೊಂದು ತಗೊಳ್ಳಿ. ಇದೆ ಅಂದರೂ ಬಾಯಿಮಾತು ನಂಬಬೇಡಿ. ಡಾಂಗಲ್ ಜೇಬಿನಲ್ಲಿಟ್ಟುಕೊಂಡು ಅಂಗಡಿಗೆ ಹೋಗಿ, ಅವರ ಕಂಪ್ಯೂಟರ್‌ನಲ್ಲೇ ಸಾಫ್ಟ್‌ವೇರ್ ಹಾಕಿಸಿ ಒಂದು ಡಿಸೈನ್ ತೆರೆದು ನೋಡಿ, ಆಮೇಲೆ ಅಡ್ವಾನ್ಸ್ ಕೊಡಿ.