‘ಕಾರು ನೇರ ಓಡುತ್ತೆ’ ಅನ್ನುವುದು ಅಳತೆಯಲ್ಲ

ಗುದ್ದಿದ ಸ್ಪೋರ್ಟ್ಸ್ ಕಾರು ಕೊಂಡು, ರಿಪೇರಿ ಮಾಡಿ, ಮೊದಲಿಗಿಂತ ಜಾಸ್ತಿ ಶಕ್ತಿಯ ಕಾರಾಗಿ ಕಟ್ಟಬೇಕು ಅನ್ನುವವರ ಪತ್ರಗಳು ಬರುತ್ತಲೇ ಇವೆ. ಬಹುತೇಕ ಎಲ್ಲವೂ ಟರ್ಬೊದಿಂದಲೇ, ಅಂದರೆ ಎಂಜಿನ್ನಿಗೆ ಹೆಚ್ಚು ಗಾಳಿ ತುರುಕುವ ಸಾಧನದಿಂದಲೇ, ಶುರುವಾಗುತ್ತವೆ. ಚಾಸಿ (ಕಾರಿನ ಚೌಕಟ್ಟು) ಬಗ್ಗೆ ಒಂದೇ ಸಾಲು ಇರುತ್ತದೆ: ‘ಎಳೆಸಿದ್ದೇನೆ, ಈಗ ಸರಿಯಾಗಿದೆ.’ ನನಗೆ ಸಿಟ್ಟು ಬರುವುದು ಆ ಒಂದು ಸಾಲಿಗೇ. ಹಾಗಾಗಿ ಈ ಸಲ ಜಾಗವೆಲ್ಲ ಅದಕ್ಕೇ ಹೋಗಿದೆ. ಜ್ಯಾಕ್ ಎಲ್ಲಿ ಇಡಬೇಕು, ಬೋಲ್ಟು ಹೇಗೆ ಬಿಗಿಯಬೇಕು ಅಂತೆಲ್ಲ ಇಲ್ಲಿ ಹೇಳುವುದಿಲ್ಲ. ಅದು ಗೊತ್ತಿಲ್ಲದವರು ಈ ಕೆಲಸಕ್ಕೆ ಈಗಲೇ ಕೈ ಹಾಕಬೇಡಿ.

ಪ್ರಶ್ನೆ: ಮುಂದಿನ ಎಡಮೂಲೆಗೆ ಏಟು ಬಿದ್ದಿದ್ದ, ಹಿಂದಿನ ಚಕ್ರ ಎಳೆಯುವ ಎರಡು ಬಾಗಿಲಿನ ಕಾರು ಕೊಂಡಿದ್ದೇನೆ. ಡೆಂಟಿಂಗ್‌ನವರು ಚೈನ್ ಕಟ್ಟಿ ಎಳೆದು ಸರಿ ಮಾಡಿದ್ದಾರೆ. ಬಾನೆಟ್, ಬಾಗಿಲುಗಳ ಸಂದು ಸಮ ಇದೆ. ಅಲೈನ್‌ಮೆಂಟ್ ಮಾಡಿಸಿದೆ, ಕಾರು ನೇರ ಓಡುತ್ತೆ. ಈಗ ಎಂಜಿನ್ ಶಕ್ತಿ ದುಪ್ಪಟ್ಟು ಮಾಡಬೇಕು. ಯಾವ ಟರ್ಬೊ ಹಾಕಲಿ?

ಸದ್ಯ ಯಾವುದನ್ನೂ ಹಾಕಬೇಡಿ. ಮೊದಲು ಶೆಲ್ಲಿನ, ಅಂದರೆ ನೆಲ, ಕಂಬ, ಚಾವಣಿ ಸೇರಿಸಿ ಬೆಸೆದ ಕಾರಿನ ಮೂಲ ಮೈಯ, ಅಳತೆ ಮಾಡಿಸಿ. ಅಳತೆಯ ಕಾಗದ ಕೈಗೆ ಬಂದ ಮೇಲೆ ಟರ್ಬೊ ಮಾತು.

ಸಂದು ಸಮ ಇದ್ದರೆ ಅದರಿಂದ ಏನೂ ಗೊತ್ತಾಗುವುದಿಲ್ಲ. ಬಾನೆಟ್, ಫೆಂಡರ್, ಬಾಗಿಲು ಎಲ್ಲ ಬೋಲ್ಟಿನ ಮೇಲೆ ಕೂತಿರುತ್ತವೆ. ಆ ತೂತುಗಳಲ್ಲಿ ಸ್ವಲ್ಪ ಆಟ ಬಿಟ್ಟಿರುವುದೇ ಜರುಗಿಸಿ ಕೂರಿಸಲು. ಒಳಗೆ ಶೆಲ್ ಬಾಗಿದ್ದರೂ ಕೈ ಪಳಗಿದ ಕೆಲಸಗಾರ ಹೊರಗೆ ಸಂದು ಸಮ ಮಾಡಿ ತೋರಿಸುತ್ತಾನೆ. ಕಾರ್ವೆಟ್‌ನಂಥ ಕಾರಿನಲ್ಲಿ ಕಣ್ಣಿಗೆ ಇನ್ನೂ ದೊಡ್ಡ ಮೋಸ. ಅದರ ಹೊರಮೈ ಫೈಬರ್ ಜಾತಿಯದು. ಏಟು ಬಿದ್ದರೆ ಒಡೆಯುತ್ತದೆ, ಇಲ್ಲವೇ ಚಿಮ್ಮಿ ಮೊದಲಿನ ಆಕಾರಕ್ಕೆ ಬರುತ್ತದೆ. ತಗಡಿನ ಹಾಗೆ ಮಡಚಿದ ಗುರುತು ಉಳಿಸುವುದಿಲ್ಲ. ಬಾಗಿದ ಚೌಕಟ್ಟು ಅದರ ಕೆಳಗೆ ಹಾಗೇ ಇರುತ್ತದೆ.

ಇನ್ನು ‘ನೇರ ಓಡುತ್ತೆ’ ಅನ್ನುವ ಮಾತು. ಹಿಂದಿನ ಎರಡೂ ಚಕ್ರ ಸ್ವಲ್ಪ ಬಲಕ್ಕೆ ಮುಖ ಮಾಡಿವೆ ಅಂದುಕೊಳ್ಳಿ. ಮುಂದಿನ ಚಕ್ರಗಳನ್ನು ಅದಕ್ಕೆ ತಕ್ಕಂತೆ ಹೊಂದಿಸಿದರೆ ಕಾರು ನೇರವೇ ಓಡುತ್ತದೆ, ಮೈ ಮಾತ್ರ ಓರೆ. ನಿಮಗೆ ಕೊಟ್ಟಿರುವ ಅಲೈನ್‌ಮೆಂಟ್ ಪ್ರಿಂಟನ್ನು ಮತ್ತೆ ತೆಗೆದು ನೋಡಿ. ಕ್ಯಾಂಬರ್ (ಚಕ್ರ ಒಳಕ್ಕೋ ಹೊರಕ್ಕೋ ವಾಲಿರುವ ಕೋನ), ಟೋ (ಚಕ್ರದ ಮೂತಿ ಒಳಕ್ಕೋ ಹೊರಕ್ಕೋ ತಿರುಗಿರುವುದು) ಹಸಿರಾಗಿದ್ದರೆ, ಅಂದರೆ ಮಿತಿಯೊಳಗಿದ್ದರೆ, ಸಾಲದು. ಸೆಟ್‌ಬ್ಯಾಕ್ ಎಷ್ಟಿದೆ? ಅಂದರೆ ಒಂದು ಮುಂಚಕ್ರ ಇನ್ನೊಂದಕ್ಕಿಂತ ಎಷ್ಟು ಹಿಂದೆ ಕೂತಿದೆ? ಸ್ಟೇರಿಂಗ್ ಆಕ್ಸಿಸ್ ಇನ್‌ಕ್ಲಿನೇಶನ್, ಅಂದರೆ ಮುಂಚಕ್ರ ಯಾವ ಗೆರೆಯ ಸುತ್ತ ತಿರುಗುತ್ತದೋ ಅದು ಒಳಕ್ಕೆ ವಾಲಿರುವ ಕೋನ, ಎಡಕ್ಕೆಷ್ಟು, ಬಲಕ್ಕೆಷ್ಟು? ಆ ಕೋನಕ್ಕೆ ಕ್ಯಾಂಬರ್ ಕೂಡಿಸಿದರೆ ಇನ್‌ಕ್ಲೂಡೆಡ್ ಆಂಗಲ್ ಬರುತ್ತದೆ. ಸ್ಟ್ರಟ್ (ಸ್ಪ್ರಿಂಗು, ಶಾಕ್ ಅಬ್ಸಾರ್ಬರ್ ಒಂದೇ ಕಂಬವಾಗಿರುವುದು) ಇರುವ ಕಾರಿನಲ್ಲಿ ಈ ಮೊತ್ತ ಎರಡೂ ಕಡೆ ಒಂದೇ ಇದ್ದು, ಕ್ಯಾಂಬರ್ ಮಾತ್ರ ಬೇರೆಬೇರೆ ಇದ್ದರೆ ಸ್ಟ್ರಟ್ ಕೂರುವ ಗೋಪುರವೋ ಕೆಳಗಿನ ಕ್ರಾಸ್‌ಮೆಂಬರೋ (ಅಡ್ಡ ತೊಲೆ) ಜಾಗ ಬಿಟ್ಟಿದೆ. ಮೊತ್ತವೇ ಬೇರೆಯಾಗಿದ್ದರೆ ಸ್ಟ್ರಟ್ ಅಥವಾ ನಕಲ್ (ಚಕ್ರ ಕೂರುವ ತುಂಡು) ಬಾಗಿದೆ. ಇದಕ್ಕೆ ಹೊಸ ಯಂತ್ರ ಏನೂ ಬೇಡ. ಅದೇ ಯಂತ್ರ, ಅದೇ ಪ್ರಿಂಟು. ಕೇಳುವವರು ಇಲ್ಲದ್ದರಿಂದ ಯಾರೂ ಹೇಳುವುದಿಲ್ಲ.

ಇಷ್ಟೂ ಸೂಚನೆ ಮಾತ್ರ, ತೀರ್ಪಲ್ಲ. ತೀರ್ಪು ಸಿಗುವುದು ಬೆಂಚಿನ ಮೇಲೆ, ಅಂದರೆ ಕಾರನ್ನು ಬಿಗಿದು ಅಳೆಯುವ, ಎಳೆಯುವ ಉಕ್ಕಿನ ಚೌಕಟ್ಟಿನ ಮೇಲೆ. ಕಾರಿನ ನಡುಭಾಗದಲ್ಲಿ ಏಟು ತಗಲದ ಗುರುತುಗಳನ್ನು ಹಿಡಿದುಕೊಂಡು, ಅಲ್ಲಿಂದ ಉದ್ದ, ಅಗಲ, ಎತ್ತರ ಮೂರನ್ನೂ ಅಳೆಯಬೇಕು. ಆ ಅಂಕಿಗಳನ್ನು ಕಂಪನಿಯ ಡೈಮೆನ್ಶನ್ ಚಾರ್ಟಿನ ಜೊತೆ ಹೋಲಿಸಬೇಕು. ಸಾಮಾನ್ಯವಾಗಿ 3 ಮಿ.ಮೀ. ಒಳಗೆ ವ್ಯತ್ಯಾಸ ಇರಬೇಕು ಅನ್ನುತ್ತಾರೆ. ಟೇಪು ಹಿಡಿದು ಎರಡು ಕರ್ಣ ಅಳೆದು ‘ಸಮ ಇದೆ’ ಅನ್ನುವವರನ್ನು ನಂಬಬೇಡಿ. ಎರಡೂ ರೈಲು (ಎಂಜಿನ್ನಿನ ಎರಡೂ ಪಕ್ಕ ಉದ್ದಕ್ಕೆ ಹೋಗುವ ತೊಲೆಗಳು) ಒಟ್ಟಿಗೆ ಕೆಳಕ್ಕೆ ಕುಸಿದಿದ್ದರೆ ಕರ್ಣ ಸಮವೇ ಬರುತ್ತದೆ.

ಅಳೆಯುವ ಮೊದಲೇ ನೀವೂ ಸುಮಾರು ಕಂಡುಹಿಡಿಯಬಹುದು. ಏಟು ಬಿದ್ದ ಜಾಗ ಬಿಟ್ಟು ಉಳಿದ ಕಡೆ ಹುಡುಕಿ. ಬಲ ಶೆಲ್ಲಿನೊಳಗೆ ಹರಿದು ದೂರ ಹೋಗಿರುತ್ತದೆ. ಕಾರ್ಪೆಟ್ ಕಿತ್ತು ನೆಲದ ತಗಡಿನಲ್ಲಿ ಸುಕ್ಕು ಇದೆಯಾ ನೋಡಿ. ಬಾಗಿಲ ಕಂಬದ ಬುಡದಲ್ಲಿ, ಚಾವಣಿ ಹಿಂದಿನ ಫೆಂಡರಿಗೆ ಸೇರುವಲ್ಲಿ ಪೇಂಟು ಬಿರುಕು ಬಿಟ್ಟಿದೆಯಾ ನೋಡಿ. ಕೀಲುಗಳಿಗೆ ಬಳಿದ ಸೀಲರ್ ಹರಿದಿದ್ದರೆ, ಸ್ಪಾಟ್ ವೆಲ್ಡಿನ ಸುತ್ತ ಪೇಂಟು ಉದುರಿದ್ದರೆ ಆ ಕೀಲು ಜರುಗಿದೆ ಅಂತಲೇ ಅರ್ಥ. ಎಲ್ಲೋ ಒಂದು ಕಡೆ ಮಾತ್ರ ಸೀಲರ್ ಹೊಸದಾಗಿ ಹೊಳೆಯುತ್ತಿದ್ದರೆ ಇನ್ನೂ ಅನುಮಾನಪಡಿ.

ಈಗ ಆ ಚೈನಿನ ವಿಷಯ. ಎಳೆಯುವುದು ತಪ್ಪಲ್ಲ. ಬೆಂಚಿಗೆ ನಾಲ್ಕೂ ಕಡೆ ಬಿಗಿದು, ಏಟು ಬಿದ್ದ ಕ್ರಮಕ್ಕೆ ಉಲ್ಟಾ ಕ್ರಮದಲ್ಲಿ, ಪ್ರತಿ ಎಳೆತಕ್ಕೂ ಅಳೆದುಕೊಂಡು ಎಳೆಯುವುದು ಒಂದು ವಿದ್ಯೆ. ಕಂಬಕ್ಕೆ ಕಟ್ಟಿ ಎಳೆಯುವುದು ಮೋಸದ ಕೆಲಸ. ಒಂದು ಕಡೆ ಬಿಡಿಸಿದ ಬಾಗು ಇನ್ನೊಂದು ಕಡೆ ಹೊಸ ಬಾಗಾಗಿ ಕೂತಿರುತ್ತದೆ. ಸುಮ್ನೆ ಬಾಗಿದ ಭಾಗ ಬಿಡಿಸಬಹುದು. ಮಡಚಿ ಮೂಲೆ ಮೂಡಿದ ಭಾಗವನ್ನು ಕತ್ತರಿಸಿ ಹೊಸದನ್ನೇ ಹಾಕಬೇಕು, ಅದೂ ಕಂಪನಿ ಹೇಳಿದ ಕೀಲಿನಲ್ಲೇ. ಮುಂದಿನ ರೈಲನ್ನು ಮಾಡಿರುವುದೇ ಗುದ್ದಿದಾಗ ಒಂದು ಲೆಕ್ಕದಲ್ಲಿ ಮಡಚಿಕೊಳ್ಳಲಿ ಅಂತ. ಒಮ್ಮೆ ಮಡಚಿದ್ದನ್ನು ನೇರ ಮಾಡಿ ಬಿಟ್ಟರೆ ಮುಂದಿನ ಸಲ ಅದು ಎಲ್ಲಿ, ಯಾವಾಗ ಮಡಚುತ್ತದೋ ಯಾರೂ ಹೇಳಲಾರರು. ಏರ್‌ಬ್ಯಾಗ್ ಯಾವಾಗ ತೆರೆಯಬೇಕು ಅನ್ನುವ ಲೆಕ್ಕ ನಿಂತಿರುವುದೂ ಆ ಮಡಚುವಿಕೆಯ ಮೇಲೇ.

ಗ್ಯಾಸ್ ಟಾರ್ಚಿನಿಂದ ಕೆಂಪಗೆ ಕಾಯಿಸಿ ಬಡಿದಿದ್ದಾರಾ ಅಂತ ಆ ಡೆಂಟಿಂಗ್‌ನವರನ್ನು ನೇರವಾಗಿ ಕೇಳಿ. ಈಗಿನ ಅನೇಕ ಕಾರುಗಳಲ್ಲಿ ಬಾಗಿಲ ಕಂಬಗಳು, ಕೆಲವದರಲ್ಲಿ ಹೊಸ್ತಿಲೂ, ಬೋರಾನ್ ಸ್ಟೀಲಿನವು. ಆ ತಗಡನ್ನು 900 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಕಾಯಿಸಿ, ಅಚ್ಚಿನೊಳಗೇ ಒತ್ತಿ ತಣಿಸಿ ಗಟ್ಟಿ ಮಾಡಿರುತ್ತಾರೆ. ಅದರ ಬಲ ಸುಮಾರು 1500 ಮೆಗಾಪಾಸ್ಕಲ್. ಮಾಮೂಲಿ ತಗಡಿನದು 300ರ ಆಸುಪಾಸು. ಟಾರ್ಚ್ ತಗಲಿದ ಜಾಗದಲ್ಲಿ ಆ ಗಟ್ಟಿತನ ಹೋಗುತ್ತದೆ. ನೋಡಲು ಏನೂ ವ್ಯತ್ಯಾಸ ಕಾಣುವುದಿಲ್ಲ. ಅದನ್ನು ಕಾಯಿಸಲೂಬಾರದು, ಎಳೆದು ನೇರ ಮಾಡಲೂಬಾರದು, ಬದಲಿಸಬೇಕು ಅಷ್ಟೆ. ಅಲ್ಯೂಮಿನಿಯಂ ಆದರೆ ಇನ್ನೂ ಕಷ್ಟ. ಅದು 660 ಡಿಗ್ರಿಗೆ ಕರಗುತ್ತದೆ, ಅದಕ್ಕೆ ಮುಂಚೆ ಕೆಂಪಾಗಿ ಎಚ್ಚರಿಸುವುದಿಲ್ಲ. ಕಬ್ಬಿಣಕ್ಕೆ ಬಳಸಿದ ಸುತ್ತಿಗೆ, ಉಜ್ಜುವ ಬ್ರಷ್ಷು ಅದಕ್ಕೆ ತಗಲಬಾರದು. ಅಂಟಿಕೊಂಡ ಕಬ್ಬಿಣದ ಪುಡಿಯಿಂದಲೇ ಅದು ತಿಂದುಹೋಗುತ್ತದೆ. ಲೋಟಸ್ ಎಲಿಸ್‌ನ ಚಾಸಿ ಅಲ್ಯೂಮಿನಿಯಂ ತುಂಡುಗಳನ್ನು ಅಂಟಿನಿಂದ ಜೋಡಿಸಿದ್ದು. ಅದಕ್ಕೆ ವೆಲ್ಡಿಂಗ್ ಮಾಡಿಕೊಡುತ್ತೇನೆ ಅಂತ ಯಾರಾದರೂ ಬಂದರೆ ಬಾಗಿಲು ತೋರಿಸಿ.

ಇಷ್ಟೊಂದು ಯಾಕೆ ಕಾಡುತ್ತೀರಿ, ಕಾರು ಓಡ್ತಿದೆ ಅಲ್ವಾ ಅಂತ ನೀವು ಕೇಳಬಹುದು. ಓಡುತ್ತಿರುವುದು ಕಂಪನಿ ಕೊಟ್ಟ ಶಕ್ತಿಯಲ್ಲಿ. ಸ್ಟೇರಿಂಗ್ ರ್‍ಯಾಕ್ (ಚಕ್ರಗಳನ್ನು ತಿರುಗಿಸುವ ಅಡ್ಡ ದಂಡ) ಕೂರುವ ಜಾಗ ಕೆಲವೇ ಮಿ.ಮೀ. ಮೇಲೆ ಕೆಳಗೆ ಆದರೂ, ಚಕ್ರ ಗುಂಡಿಗೆ ಇಳಿದು ಏಳುವಾಗ ತಾನೇ ತಿರುಗುತ್ತದೆ. ಬಂಪ್ ಸ್ಟಿಯರ್ ಅನ್ನುವುದು ಇದನ್ನೇ. ಪೇಟೆಯೊಳಗಿನ ವೇಗದಲ್ಲಿ ಅದು ಗೊತ್ತೇ ಆಗದೆ ಇರಬಹುದು. ಅಗಲದ, ಹಿಡಿತ ಜಾಸ್ತಿ ಇರುವ ಟೈರು ಹಾಕಿ, ದುಪ್ಪಟ್ಟು ಶಕ್ತಿಯಲ್ಲಿ ತಿರುವಿನಲ್ಲಿ ಒತ್ತಿದಾಗ ಗೊತ್ತಾಗುತ್ತದೆ. ಆಗ ಕಾರು ನಿಮ್ಮ ಕೈಯಲ್ಲಿ ಇರುವುದಿಲ್ಲ. ಇದನ್ನು ಹೆದರಿಸಲು ಹೇಳುತ್ತಿಲ್ಲ. ಎದುರಿನಿಂದ ಬರುವ ಕಾರಿನಲ್ಲೂ ಜನ ಇರುತ್ತಾರೆ.

ಅಳತೆ ಸರಿ ಬಂದರೆ ಮುಂದಕ್ಕೆ ಹೋಗಿ. ಏಟು ಬಿದ್ದ ಮೂಲೆಯ ನಕಲ್, ಕಂಟ್ರೋಲ್ ಆರ್ಮ್, ಹಬ್ ಬೇರಿಂಗ್, ಟೈ ರಾಡ್ ಎಲ್ಲ ಹೊಸದು ಹಾಕಿ. ಎರಕದ ಅಲ್ಯೂಮಿನಿಯಂ ನಕಲನ್ನು ನೇರ ಮಾಡಿಕೊಡುವವರ ಹತ್ತಿರ ಸುಳಿಯಬೇಡಿ. ಆಮೇಲೆ ಎಂಜಿನ್ನು. ಗುದ್ದಿದಾಗ ರೇಡಿಯೇಟರ್ ಒಡೆದು ನೀರು ಸುರಿದ ಮೇಲೂ ಎಂಜಿನ್ ಓಡುತ್ತಿತ್ತಾ? ಹಾಗಿದ್ದರೆ ಕಾದು ಹೆಡ್ (ಸಿಲಿಂಡರುಗಳ ಮುಚ್ಚಳ) ಡೊಂಕಾಗಿರಬಹುದು. ಮುಂದಿನ ಪುಲ್ಲಿಗೆ ಏಟು ಬಿದ್ದಿದ್ದರೆ ಕ್ರ್ಯಾಂಕಿನ (ಎಂಜಿನ್ನಿನ ಮುಖ್ಯ ದಂಡದ) ಮೂತಿ ಬಾಗಿದೆಯಾ ಅಂತ ಡಯಲ್ ಗೇಜ್ ಹಿಡಿದು ನೋಡಿ. ಕಂಪ್ರೆಶನ್ (ಸಿಲಿಂಡರಿನೊಳಗೆ ಏರುವ ಒತ್ತಡ) ಒಂದನ್ನೇ ನೋಡಿ ಬಿಡಬೇಡಿ, ಲೀಕ್‌ಡೌನ್ ಟೆಸ್ಟ್ ಮಾಡಿಸಿ. ಸಿಲಿಂಡರಿಗೆ ತುಂಬಿದ ಗಾಳಿ ಎಲ್ಲಿಂದ ಸೋರುತ್ತಿದೆ ಅಂತ ಅದು ಹೇಳುತ್ತದೆ.

ದುಪ್ಪಟ್ಟು ಶಕ್ತಿ ಅಂದರೆ ಹೆಚ್ಚುಕಡಿಮೆ ದುಪ್ಪಟ್ಟು ಗಾಳಿ, ದುಪ್ಪಟ್ಟು ಪೆಟ್ರೋಲು, ದುಪ್ಪಟ್ಟು ಶಾಖ. ಇಂಜೆಕ್ಟರ್, ಪೆಟ್ರೋಲ್ ಪಂಪ್, ರೇಡಿಯೇಟರ್, ಕ್ಲಚ್, ಹಿಂದಿನ ಡಿಫರೆನ್ಶಿಯಲ್ ಇವೆಲ್ಲಕ್ಕೂ ಆ ಭಾರ ಬೀಳುತ್ತದೆ. ಬ್ರೇಕಿಗೂ ಹಾಗೆಯೇ. ಗಂಟೆಗೆ 140 ಕಿ.ಮೀ. ವೇಗದಿಂದ ನಿಲ್ಲಿಸುವಾಗ ಬ್ರೇಕು ನುಂಗಬೇಕಾದ ಶಕ್ತಿ, 100ರಿಂದ ನಿಲ್ಲಿಸುವಾಗಿನದರ ಸುಮಾರು ಎರಡರಷ್ಟು. ಹಾಗಾಗಿ ಶೆಲ್, ಸಸ್ಪೆನ್ಶನ್, ಬ್ರೇಕು, ಕೂಲಿಂಗ್, ಟೈರು ಇವು ಮುಗಿದ ಮೇಲೆ ಕಂಪನಿಯ ಶಕ್ತಿಯಲ್ಲೇ ಕೆಲವು ತಿಂಗಳು ಓಡಿಸಿ. ಸೋರುವುದು, ಸಡಿಲವಾಗುವುದು ಎಲ್ಲ ಆಗ ಹೊರಬರಲಿ. ನೀವು ಕೇಳಿದ ಟರ್ಬೊಗೆ ಉತ್ತರ ಕೊಡಲು ನನಗೆ ಎಂಜಿನ್ನಿನ ಹೆಸರು, ಕಂಪ್ರೆಶನ್ ರೇಶಿಯೊ, ಸಿಗುವ ಪೆಟ್ರೋಲಿನ ಆಕ್ಟೇನ್ ಬೇಕು. ಅದರ ಜೊತೆ ಆ ಅಳತೆಯ ಕಾಗದವನ್ನೂ ಕಳಿಸಿ. ಅದಿಲ್ಲದೆ ಉತ್ತರ ಕೊಡುವುದಿಲ್ಲ.

ಪ್ರಶ್ನೆ: ಶೆಲ್ ಸ್ವಲ್ಪ ಬಾಗಿದ್ದರೂ ಒಳಗೆ ರೋಲ್ ಕೇಜ್ (ಉಕ್ಕಿನ ಪೈಪುಗಳ ಪಂಜರ) ವೆಲ್ಡ್ ಮಾಡಿಸಿದರೆ ಗಟ್ಟಿಯಾಗುತ್ತದಲ್ಲವೇ?

ಗಟ್ಟಿಯಾಗುತ್ತದೆ, ಬಾಗಿದ ಆಕಾರದಲ್ಲೇ. ಆಮೇಲೆ ಬೆಂಚಿಗೆ ಹಾಕಿದರೂ ಬಿಡಿಸಲು ಬರುವುದಿಲ್ಲ. ಇನ್ನೊಂದು ಮಾತು. ರಸ್ತೆಯಲ್ಲಿ ನೀವು ಹೆಲ್ಮೆಟ್ ಹಾಕಿ ಓಡಿಸುವುದಿಲ್ಲ. ಪಕ್ಕದಿಂದ ಗುದ್ದಿದಾಗ ತಲೆ ಹೋಗಿ ಬಡಿಯುವುದು ಆ ಪೈಪಿಗೇ. ಕೇಜು ರೇಸ್ ಟ್ರ್ಯಾಕಿನ ಕಾರಿಗೆ ಇರಲಿ.

ಪ್ರಶ್ನೆ: ಏರ್‌ಬ್ಯಾಗ್ ದೀಪ ಆರಿಸಲು ರೆಸಿಸ್ಟರ್ ಹಾಕಿಕೊಡುತ್ತಾರಂತೆ. ಹಾಕಿಸಲೇ?

ಬೇಡ. ಆ ರೆಸಿಸ್ಟರ್ ಮಾಡುವುದು ಒಂದೇ ಕೆಲಸ: ಇಲ್ಲದ ಬ್ಯಾಗು ಇದೆ ಅಂತ ಕಂಪ್ಯೂಟರಿಗೆ ಸುಳ್ಳು ಹೇಳುವುದು. ಕಾರನ್ನು ನಿಮ್ಮಿಂದ ಕೊಳ್ಳುವವರಿಗೂ ಅದೇ ಸುಳ್ಳು ದಾಟುತ್ತದೆ. ಇದನ್ನು ಮಾಡಿಕೊಡುವವರನ್ನು ಮೆಕ್ಯಾನಿಕ್ ಅನ್ನಲು ನಾನು ಒಪ್ಪುವುದಿಲ್ಲ. ಸೀಟ್ ಬೆಲ್ಟನ್ನೂ ಮರೆಯಬೇಡಿ. ಬ್ಯಾಗು ತೆರೆದಿದ್ದರೆ ಬೆಲ್ಟಿನ ಪ್ರಿಟೆನ್ಶನರ್ (ಗುದ್ದಿದಾಗ ಬೆಲ್ಟನ್ನು ಬಿಗಿಯಾಗಿ ಎಳೆಯುವ ಸಾಧನ) ಕೂಡ ಸಾಮಾನ್ಯವಾಗಿ ಸಿಡಿದಿರುತ್ತದೆ. ಅದು ಒಂದೇ ಸಲದ್ದು. ಬೆಲ್ಟು, ಪ್ರಿಟೆನ್ಶನರ್, ಸೆನ್ಸರ್, ಮಾಡ್ಯೂಲ್ ಯಾವುದೆಲ್ಲ ಬದಲಿಸಬೇಕು ಅಂತ ಆ ಮಾಡೆಲ್ಲಿನ ಸರ್ವಿಸ್ ಪುಸ್ತಕದಲ್ಲಿ ಇರುತ್ತದೆ, ಅದರಂತೆ ಮಾಡಿ. ಕೈ ಹಾಕುವ ಮುನ್ನ ಬ್ಯಾಟರಿ ಬಿಚ್ಚಿ, ಪುಸ್ತಕ ಹೇಳಿದಷ್ಟು ಹೊತ್ತು ಕಾಯಿರಿ. ಮಾಡ್ಯೂಲಿನೊಳಗಿನ ಕೆಪಾಸಿಟರ್ ಬ್ಯಾಟರಿ ಇಲ್ಲದೆಯೂ ಬ್ಯಾಗು ಸಿಡಿಸುವಷ್ಟು ಚಾರ್ಜು ಹಿಡಿದಿಟ್ಟಿರುತ್ತದೆ.

ಪ್ರಶ್ನೆ: ಮುಂದೆ ದೊಡ್ಡ ಕ್ಯಾಲಿಪರ್ (ಬ್ರೇಕ್ ಪ್ಯಾಡು ಒತ್ತುವ ಭಾಗ) ಹಾಕಿದ ಮೇಲೆ ಪೆಡಲ್ ಆಳಕ್ಕೆ ಹೋಗುತ್ತದೆ, ಕಾರು ಮೊದಲಿಗಿಂತ ತಡವಾಗಿ ನಿಲ್ಲುತ್ತದೆ. ಯಾಕೆ?

ಬ್ರೇಕ್ ಪೈಪಿನೊಳಗೆ ಗಾಳಿ ಉಳಿದಿಲ್ಲ ಅಂತ ಮೊದಲು ಖಾತ್ರಿ ಮಾಡಿಕೊಳ್ಳಿ. ಅದಲ್ಲದಿದ್ದರೆ ಪೆಡಲ್ ಒತ್ತಿದಾಗ ಎಣ್ಣೆ ತಳ್ಳುವ ಮಾಸ್ಟರ್ ಸಿಲಿಂಡರ್ ಹಳೆಯದೇ, ಕ್ಯಾಲಿಪರಿನ ಪಿಸ್ಟನ್ ಮಾತ್ರ ದೊಡ್ಡದಾಗಿದೆ. ಜಾಸ್ತಿ ಎಣ್ಣೆ ತಳ್ಳಬೇಕು, ಅದಕ್ಕೇ ಪೆಡಲ್ ಆಳ. ಮುಂದಿನ ಪಾಲು ಹೆಚ್ಚಿ ಮುಂಚಕ್ರ ಬೇಗ ಲಾಕ್ ಆಗಲು ನೋಡುತ್ತದೆ, ಹಿಂದಿನ ಬ್ರೇಕು ಸರಿಯಾಗಿ ದುಡಿಯುವುದೇ ಇಲ್ಲ. ಮುಂದಿನ, ಹಿಂದಿನ ಪಿಸ್ಟನ್ ಅಳತೆ ಲೆಕ್ಕ ಹಾಕಿ ಜೋಡಿ ಮಾಡಿ.

ಪ್ರಶ್ನೆ: ಬ್ರೇಕಿಗೆ ಡಾಟ್ 5 ಎಣ್ಣೆ ಡಾಟ್ 4ಕ್ಕಿಂತ ಒಳ್ಳೆಯದಲ್ಲವೇ?

ಅಲ್ಲ. ಡಾಟ್ 5 ಸಿಲಿಕೋನ್, ಮಿಕ್ಕವುಗಳ ಜೊತೆ ಬೆರೆಯುವುದಿಲ್ಲ. ನಿಮಗೆ ಬೇಕಾದದ್ದು ಡಾಟ್ 5.1 ಅಥವಾ ಒಳ್ಳೆಯ ಡಾಟ್ 4, ಅದೂ ಕಾಲಕಾಲಕ್ಕೆ ಬದಲಿಸುತ್ತ. ಡಾಟ್ 4ಕ್ಕೆ ಕನಿಷ್ಠ ಇರಬೇಕಾದ ಕುದಿಬಿಂದು ಹೊಸದರಲ್ಲಿ 230 ಡಿಗ್ರಿ, ತೇವ ಹೀರಿದ ಮೇಲೆ 155.

ಪ್ರಶ್ನೆ: ಸ್ಪ್ರಿಂಗ್ ಕತ್ತರಿಸಿ ಕಾರು ತಗ್ಗಿಸಬಹುದೇ?

ಬೇಡ.

ಪ್ರಶ್ನೆ: ಮುಂಭಾಗ ಹೋದ ಒಂದು ಕಾರು, ಹಿಂಭಾಗ ಹೋದ ಇನ್ನೊಂದು ಕಾರು ಇವೆ. ನಡುವೆ ಕತ್ತರಿಸಿ ಸೇರಿಸಿದರೆ?

ಚಾವಣಿ, ಕಂಬ, ನೆಲ ಒಟ್ಟಿಗೇ ಕತ್ತರಿಸಿ ಬೆಸೆದ ಕಾರಿನಲ್ಲಿ ನಾನು ಕೂರುವುದಿಲ್ಲ, ನನ್ನ ಮನೆಯವರನ್ನೂ ಕೂರಿಸುವುದಿಲ್ಲ. ಎರಡರಲ್ಲಿ ಯಾವುದರ ಶೆಲ್ ಕಡಿಮೆ ಕೆಟ್ಟಿದೆಯೋ ಅದನ್ನು ಬೆಂಚಿಗೆ ಹಾಕಿ, ಇನ್ನೊಂದರಿಂದ ಬಿಡಿಭಾಗ ತೆಗೆದುಕೊಳ್ಳಿ.

ಪ್ರಶ್ನೆ: ಬಿರುಕು ಬಿಟ್ಟ ಅಲಾಯ್ ರಿಮ್ ವೆಲ್ಡ್ ಮಾಡಿಸಿ ಬಳಸಬಹುದೇ?

ಹೊಸದು ತನ್ನಿ. ಹೊಸದಕ್ಕೆ ಕೈಯಲ್ಲಿ ಹಣ ಇಲ್ಲದಿದ್ದರೆ ಅಲ್ಲಿಯವರೆಗೆ ಕಾರು ಸ್ಟ್ಯಾಂಡಿನ ಮೇಲೇ ಇರಲಿ.