ಐದು ವರ್ಷದ ಮಗಳು ದಂತವೈದ್ಯರ ಹತ್ತಿರ ಬಾಯಿಯೇ ತೆರೆಯುತ್ತಿಲ್ಲ, ಹೆದರಿಕೆ ಬಿಡಿಸುವುದು ಹೇಗೆ?

ಮಗಳಿಗೆ ಐದು ವರ್ಷ, ಕೆಳಗಿನ ದವಡೆಹಲ್ಲು ಹುಳುಕಾಗಿದೆ, ಎರಡು ಸಲ ಕ್ಲಿನಿಕ್ಕಿಗೆ ಹೋಗಿ ಅತ್ತು ವಾಪಸ್ ಬಂದಿದ್ದಾಳೆ, ಮನೆಯಲ್ಲಿ ಹಿರಿಯರು "ಹಾಲುಹಲ್ಲು ತಾನೇ, ಬಿದ್ದುಹೋಗುತ್ತೆ ಬಿಡಿ" ಅನ್ನುತ್ತಿದ್ದಾರೆ ಎಂದು ಬರೆದಿದ್ದೀರಿ. ನಾನು ಮಕ್ಕಳ ದಂತವೈದ್ಯೆ. ಹಿರಿಯರ ಮಾತಿಗೆ ಮೊದಲು ಉತ್ತರ ಹೇಳಿಬಿಡುತ್ತೇನೆ, ನಿಮ್ಮ ಕೈಯಲ್ಲಿ ಎಷ್ಟು ಸಮಯ ಇದೆ ಅನ್ನುವುದು ಅದರಿಂದ ಗೊತ್ತಾಗುತ್ತದೆ.

ಮುಂಭಾಗದ ಹಾಲುಹಲ್ಲುಗಳು ಆರರಿಂದ ಎಂಟನೇ ವರ್ಷದಲ್ಲಿ ಬೀಳುತ್ತವೆ, ನಿಜ. ದವಡೆಯವು ಹಾಗಲ್ಲ. ಮೊದಲ ಹಾಲುದವಡೆ ಬೀಳುವುದು 9ರಿಂದ 11ನೇ ವರ್ಷದಲ್ಲಿ, ಎರಡನೆಯದು 10ರಿಂದ 12ರಲ್ಲಿ. ಅಂದರೆ ಆ ಹಲ್ಲಿನಲ್ಲಿ ಆಕೆ ಇನ್ನೂ ನಾಲ್ಕಾರು ವರ್ಷ ಅಗಿಯಬೇಕು. ಹಾಲುಹಲ್ಲಿನ ಮೇಲ್ಪದರ ತೆಳು, ನರ ಹತ್ತಿರದಲ್ಲೇ ಇರುತ್ತದೆ, ಹಾಗಾಗಿ ಹುಳುಕು ದೊಡ್ಡವರ ಹಲ್ಲಿಗಿಂತ ಬೇಗ ಒಳಗಿಳಿಯುತ್ತದೆ. ಈಗ ತಣ್ಣಗಿನದು, ಸಿಹಿ ತಿಂದಾಗ ಮಾತ್ರ ಚುಳ್ ಅನ್ನುತ್ತಿದ್ದರೆ, ಹೆದರಿಕೆ ಬಿಡಿಸಲು ಎರಡು ಮೂರು ವಾರ ಸಿಗುತ್ತದೆ. ರಾತ್ರಿ ನೋವಿಗೆ ಎದ್ದು ಕೂರುತ್ತಿದ್ದರೆ, ಒಸಡಿನ ಮೇಲೆ ಕೀವಿನ ಗುಳ್ಳೆ ಬಂದಿದ್ದರೆ, ಒಂದೆರಡು ದಿನಕ್ಕಿಂತ ಹೆಚ್ಚು ಕಾಯಬೇಡಿ. ಕೆನ್ನೆ ಊದಿ ಜ್ವರ ಬಂದಿದ್ದರೆ, ನುಂಗಲು ಅಥವಾ ಬಾಯಿ ತೆರೆಯಲು ಆಗದಿದ್ದರೆ ಅದೇ ದಿನ ಆಸ್ಪತ್ರೆ. ಆಗ ಕೆಳಗೆ ಬರೆದಿರುವುದನ್ನೆಲ್ಲ ಪಕ್ಕಕ್ಕಿಡಿ.

ಮಕ್ಕಳು ಹೆದರುವುದು ನೋವಿಗೆ ಮಾತ್ರ ಎಂದು ದೊಡ್ಡವರು ಅಂದುಕೊಳ್ಳುತ್ತೇವೆ. ಈ ವಯಸ್ಸಿನಲ್ಲಿ ಮುಂದೇನಾಗುತ್ತದೋ ಗೊತ್ತಿಲ್ಲದಿರುವುದು, 'ನಿಲ್ಲಿಸಿ' ಅಂದರೂ ಯಾರೂ ನಿಲ್ಲಿಸದಿರುವುದು, ಇವೆರಡೇ ದೊಡ್ಡ ಭಯ. ಕುರ್ಚಿ ಹಿಂದಕ್ಕೆ ವಾಲಿದಾಗ ಬೀಳುತ್ತೇನೆ ಅನಿಸುತ್ತದೆ. ಕಣ್ಣಿಗೆ ದೀಪ ಹೊಡೆಯುತ್ತದೆ. ಬಾಯಲ್ಲಿ ನೀರು ತುಂಬಿ ಉಸಿರು ಕಟ್ಟುತ್ತದೆ ಅನಿಸುತ್ತದೆ. ಏರೋಟರ್ ಅಂದರೆ ನಿಮಿಷಕ್ಕೆ ಮೂರು ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತ ಹಲ್ಲು ಕೊರೆಯುವ ಯಂತ್ರ, ಅದರ ಕೀರಲು ಸದ್ದು ಪಕ್ಕದ ಕೋಣೆಯಿಂದ ಕೇಳಿಸಿದರೂ ಸಾಕು. ಇದರಲ್ಲಿ ಯಾವುದೂ ನೋವಲ್ಲ ನೋಡಿ. ಹಾಗಾಗಿ 'ನೋವೇ ಆಗಲ್ಲ ಪುಟ್ಟಿ' ಎಂದು ನೂರು ಸಲ ಹೇಳಿದರೂ ಕೆಲಸಕ್ಕೆ ಬರುವುದಿಲ್ಲ. ಬದಲಿಗೆ, ಅಲ್ಲಿಯವರೆಗೆ ನೋವಿನ ಯೋಚನೆಯೇ ಇಲ್ಲದ ಮಗುವಿಗೆ ಅದನ್ನು ನೆನಪಿಸಿದ ಹಾಗಾಗುತ್ತದೆ.

ಮನೆಯಲ್ಲಿ ಮೊದಲು ನಿಲ್ಲಿಸಬೇಕಾದ ಮಾತುಗಳು ಕೆಲವಿವೆ. 'ಊಟ ಮಾಡದಿದ್ದರೆ ಡಾಕ್ಟರ್ ಹತ್ತಿರ ಕರ್ಕೊಂಡು ಹೋಗಿ ಸೂಜಿ ಚುಚ್ಚಿಸ್ತೀನಿ' ಅನ್ನುವುದು ಒಂದು. ವೈದ್ಯರನ್ನು ಗುಮ್ಮ ಮಾಡಿಟ್ಟು ಆಮೇಲೆ ಅದೇ ಗುಮ್ಮನ ಮುಂದೆ ಬಾಯಿ ತೆರೆ ಅಂದರೆ ಯಾರು ತೆರೆಯುತ್ತಾರೆ? ಇನ್ನೊಂದು, 'ಹಲ್ಲಲ್ಲಿ ಹುಳ ಸೇರಿಕೊಂಡಿದೆ, ತೆಗೆಸೋಣ'. ಐದು ವರ್ಷದ ಮಗು ಅದನ್ನು ನಿಜವಾಗಿ ನಂಬುತ್ತದೆ, ಬಾಯೊಳಗೆ ಹುಳ ಹರಿದಾಡುತ್ತಿದೆ ಎಂದು ರಾತ್ರಿ ಬೆಚ್ಚುತ್ತದೆ. ಹುಳ ಯಾವುದೂ ಇಲ್ಲ. ಸಿಹಿ ತಿಂದು ಬ್ಯಾಕ್ಟೀರಿಯಾ ಆಮ್ಲ ಮಾಡುತ್ತದೆ, ಅದು ಹಲ್ಲನ್ನು ಕರಗಿಸುತ್ತದೆ, ಅಷ್ಟೆ. ಮಗುವಿಗೆ 'ಹಲ್ಲಲ್ಲಿ ಸಣ್ಣ ತೂತಾಗಿದೆ, ತೊಳೆದು ಮುಚ್ಚುತ್ತಾರೆ' ಎಂದರೆ ಸಾಕು. 'ಇರುವೆ ಕಚ್ಚಿದ ಹಾಗೆ ಆಗುತ್ತೆ ಅಷ್ಟೇ' ಎಂದು ಎಷ್ಟೋ ಕ್ಲಿನಿಕ್ಕುಗಳಲ್ಲೂ ಸಮಾಧಾನ ಹೇಳುತ್ತಾರೆ. ನಮ್ಮ ಕಡೆಯ ಮಕ್ಕಳಿಗೆ ಇರುವೆ ಕಚ್ಚಿದರೆ ಎಷ್ಟು ಉರಿಯುತ್ತದೆಂದು ಚೆನ್ನಾಗಿ ಗೊತ್ತು! 'ಸ್ವಲ್ಪ ಒತ್ತಿದ ಹಾಗೆ ಅನಿಸಬಹುದು' ಅನ್ನುವುದು ಮೇಲು.

ಆಕೆ ನೇರವಾಗಿ 'ಸೂಜಿ ಹಾಕ್ತಾರಾ?' ಎಂದು ಕೇಳಿದರೆ ಇಲ್ಲ ಅನ್ನಬೇಡಿ. 'ಇವತ್ತು ಹಲ್ಲು ಎಣಿಸೋದಷ್ಟೇ. ಮುಂದಿನದ್ದನ್ನ ಡಾಕ್ಟರ್ ನಿನಗೇ ಹೇಳ್ತಾರೆ, ನಾನೂ ಪಕ್ಕದಲ್ಲೇ ಇರ್ತೀನಿ' ಅನ್ನಿ. ಆದರೆ ಆ ದಿನ ಎಣಿಸುವುದಷ್ಟೇ ಎಂದು ವೈದ್ಯರ ಜೊತೆ ಮೊದಲೇ ಮಾತಾಡಿಕೊಂಡಿರಬೇಕು. ಒಂದು ಸಲ ಸುಳ್ಳಾದರೆ ಅದನ್ನು ಸರಿಪಡಿಸಲು ನಾಲ್ಕು ಭೇಟಿ ಬೇಕಾಗುತ್ತದೆ.

ಮನೆಯ ಅಭ್ಯಾಸ ದಿನಕ್ಕೆ ಐದೇ ನಿಮಿಷ, ಒಂದು ವಾರ. ಮೊದಲು ಆಕೆಯೇ ಡಾಕ್ಟರ್, ನೀವು ಪೇಷಂಟ್. ಒಂದು ಚಮಚ, ಒಂದು ಮೊಬೈಲ್ ಟಾರ್ಚ್ ಕೊಡಿ, ನಿಮ್ಮ ಹಲ್ಲು ಎಣಿಸಲಿ. ಮರುದಿನ ಗೊಂಬೆಗೆ. ಮೂರನೇ ದಿನದಿಂದ ಆಕೆಯ ಸರದಿ: ನಿಮ್ಮ ತೊಡೆಯ ಮೇಲೆ ತಲೆ ಇಟ್ಟು ಮಲಗಿಸಿ, ಟಾರ್ಚ್ ಹಿಡಿದು, ಚಮಚದ ಹಿಂಬದಿಯಿಂದ ಒಂದೊಂದೇ ಹಲ್ಲು ಮುಟ್ಟಿ ಎಣಿಸಿ. ಹಾಲುಹಲ್ಲು ಒಟ್ಟು 20, ಮೇಲೆ ಹತ್ತು, ಕೆಳಗೆ ಹತ್ತು. ಮಲಗಿ ಬಾಯಿ ತೆರೆದುಕೊಂಡೇ ಮೂಗಿನಲ್ಲಿ ಉಸಿರಾಡುವುದನ್ನು ಕಲಿಸುವುದು ಇದರಲ್ಲಿ ಬಹಳ ಮುಖ್ಯ. ನೀವು ಹತ್ತು ಎಣಿಸುವವರೆಗೆ ಬಾಯಿ ತೆರೆದಿರಲಿ, ಆಮೇಲೆ ಮುಚ್ಚಲಿ, ಮತ್ತೆ ಹತ್ತು. ಬಾಯಲ್ಲಿ ನೀರು ಸೇರಿದಾಗ ಗಾಬರಿಯಾಗುವುದು ಈ ಅಭ್ಯಾಸ ಇಲ್ಲದ ಮಕ್ಕಳೇ. ಬ್ಯಾಟರಿ ಬ್ರಷ್ ಮನೆಯಲ್ಲಿದ್ದರೆ ಅದನ್ನು ಮೊದಲು ಆಕೆಯ ಉಗುರಿಗೆ ತಾಗಿಸಿ, ಆಮೇಲೆ ಹಲ್ಲಿಗೆ. ನಿಧಾನದ ಡ್ರಿಲ್ ಕೊಡುವ ಅದುರುವಿಕೆ ಹೆಚ್ಚುಕಡಿಮೆ ಅದೇ.

ಎಡಗೈ ಎತ್ತಿದರೆ ನಿಲ್ಲಿಸಬೇಕು ಅನ್ನುವ ನಿಯಮವನ್ನೂ ಈ ಆಟದಲ್ಲೇ ಸೇರಿಸಿ. ಎಡಗೈಯೇ ಏಕೆಂದರೆ ಹೆಚ್ಚಿನ ವೈದ್ಯರು ಬಲಗಡೆ ಕೂತಿರುತ್ತಾರೆ, ಬಲಗೈ ಎತ್ತಿದರೆ ಉಪಕರಣಕ್ಕೆ ತಗಲುತ್ತದೆ. ಆಕೆ ಸುಮ್ಮನೆ ಪರೀಕ್ಷೆ ಮಾಡಲು ಎತ್ತಿದರೂ ನೀವು ಕೂಡಲೇ ನಿಲ್ಲಿಸಿ. ಮೊದಲು ನಾಲ್ಕೈದು ಸಲ ಬೇಕಂತಲೇ ಎತ್ತುತ್ತಾರೆ. ನಿಲ್ಲಿಸುತ್ತಾರೆ ಎಂದು ಖಾತ್ರಿಯಾದ ಮೇಲೆ ಎತ್ತುವುದು ತಾನಾಗಿ ಕಡಿಮೆಯಾಗುತ್ತದೆ.

ಅಪಾಯಿಂಟ್‌ಮೆಂಟ್ ಇದೆ ಎಂದು ಯಾವಾಗ ಹೇಳಬೇಕು? ಈ ವಯಸ್ಸಿಗೆ ಹಿಂದಿನ ದಿನ ಸಾಕು, ಮೂರು ವರ್ಷದವರಾದರೆ ಅದೇ ದಿನ ಬೆಳಿಗ್ಗೆ. ವಾರ ಮೊದಲೇ ಹೇಳಿದರೆ ವಾರಪೂರ್ತಿ ಕೊರಗುತ್ತಾರೆ. ಪಾರ್ಕಿಗೆ ಅಂತ ಹೇಳಿ ಕ್ಲಿನಿಕ್ಕಿಗೆ ಕರೆದೊಯ್ಯುವುದು ಮಾತ್ರ ಬೇಡವೇ ಬೇಡ.

ಈಗ ವೈದ್ಯರ ಆಯ್ಕೆ. ದಂತವೈದ್ಯರ ಸ್ನಾತಕೋತ್ತರ ಪದವಿಯಾದ ಎಂಡಿಎಸ್‌ನಲ್ಲಿ ಮಕ್ಕಳ ದಂತವೈದ್ಯಕೀಯ ಓದಿದವರನ್ನು ಪೆಡೋಡಾಂಟಿಸ್ಟ್ ಅನ್ನುತ್ತಾರೆ. ಖಾಸಗಿಯವರು ದುಬಾರಿ ಅನಿಸಿದರೆ ದಂತ ಕಾಲೇಜುಗಳಲ್ಲಿ ಈ ವಿಭಾಗ ಇರುತ್ತದೆ: ಬೆಂಗಳೂರಿನ ಸರ್ಕಾರಿ ದಂತ ಕಾಲೇಜಿನಲ್ಲೂ, ಮೈಸೂರು, ದಾವಣಗೆರೆ, ಧಾರವಾಡ, ಬೆಳಗಾವಿ, ಮಂಗಳೂರಿನ ಖಾಸಗಿ ಕಾಲೇಜುಗಳಲ್ಲೂ. ಕಾಲೇಜಿನಲ್ಲಿ ಖರ್ಚು ಕಡಿಮೆ, ಕಾಯುವುದು ಹೆಚ್ಚು. ಹಸಿದು ಕಾದ ಮಗು ಅಳುವುದು ಖಂಡಿತ, ಡಬ್ಬಿಯಲ್ಲಿ ತಿಂಡಿ ಇರಲಿ. ಫೋನ್ ಮಾಡಿ ಎರಡು ಪ್ರಶ್ನೆ ಕೇಳಿ: ಮೊದಲ ಭೇಟಿಯಲ್ಲಿ ಏನೂ ಮಾಡದೆ ಹಲ್ಲು ನೋಡಿ ಕಳಿಸುತ್ತೀರಾ? ನಾನು ಒಳಗೆ ಜೊತೆಗಿರಬಹುದಾ? ಮೊದಲನೆಯದಕ್ಕೆ ಹೂಂ ಅನ್ನದ ಕಡೆ ಹೋಗಬೇಡಿ. ಬೆಳಗಿನ ಹೊತ್ತು ತೆಗೆದುಕೊಳ್ಳಿ, ಸಂಜೆ ಶಾಲೆ ಮುಗಿಸಿ ಬಂದ ಮಗುವಿಗೆ ತಾಳ್ಮೆ ಉಳಿದಿರುವುದಿಲ್ಲ.

ಜೊತೆಗೆ ಒಬ್ಬರೇ ದೊಡ್ಡವರು ಹೋಗಿ, ಮನೆಯಲ್ಲಿ ಯಾರಿಗೆ ಹಲ್ಲಿನ ಡಾಕ್ಟರೆಂದರೆ ಭಯ ಕಡಿಮೆಯೋ ಅವರು. ಅಜ್ಜಿ, ಅತ್ತೆ, ಚಿಕ್ಕಪ್ಪ ಎಲ್ಲರೂ ಸೇರಿ 'ಏನೂ ಆಗಲ್ಲ ಬಂಗಾರ, ಬಾಯಿ ತೆಗಿ' ಎಂದು ಒಟ್ಟಿಗೆ ಹೇಳಿದರೆ ಮಗುವಿಗೆ ವೈದ್ಯರ ದನಿಯೇ ಕೇಳುವುದಿಲ್ಲ. ಒಳಗೆ ಹೋದ ಮೇಲೆ ಮಾತಾಡುವುದು ವೈದ್ಯರ ಕೆಲಸ, ನೀವು ಕಾಲು ಮುಟ್ಟಿಕೊಂಡು ಸುಮ್ಮನೆ ಕೂರಿ. 1959ರಲ್ಲಿ ಆಡಲ್‌ಸ್ಟನ್ ಎಂಬ ದಂತವೈದ್ಯ ಬರೆದಿಟ್ಟ ಕ್ರಮವನ್ನೇ ನಾವು ಇಂದಿಗೂ ಬಳಸುತ್ತೇವೆ: ಹೇಳು, ತೋರಿಸು, ಮಾಡು. ಗಾಳಿ ಬಿಡುವ ಸಿರಿಂಜನ್ನು ಮೊದಲು ಹೆಸರಿಟ್ಟು ಹೇಳುತ್ತೇವೆ, ಅಂಗೈ ಮೇಲೆ ಗಾಳಿ ಬಿಟ್ಟು ತೋರಿಸುತ್ತೇವೆ, ಆಮೇಲೆ ಹಲ್ಲಿಗೆ. ನಡುವೆ ಅಂತರ ಬಿಡಬಾರದು, ತೋರಿಸಿದ್ದನ್ನು ಬಿಟ್ಟು ಬೇರೆ ಮಾಡಲೂಬಾರದು. ಇದು ಕೆಡುವುದು ಅಲ್ಲೇ: ಕನ್ನಡಿ ತೋರಿಸಿ, ಮಗು ಬಾಯಿ ತೆರೆದ ಕೂಡಲೇ ಇನ್ನೇನೋ ಒಳಗೆ ಹಾಕುವುದು.

ಮೊದಲ ಭೇಟಿ ಹದಿನೈದು ಇಪ್ಪತ್ತು ನಿಮಿಷಕ್ಕೆ ಮುಗಿಯಲಿ, ಇನ್ನೂ ಸರಿಯಾಗಿ ಕೂತಿರುವಾಗಲೇ. ಕುರ್ಚಿ ಹತ್ತಿ ಇಳಿದಳು, ಕನ್ನಡಿಯಲ್ಲಿ ಹಲ್ಲು ಎಣಿಸಿದರು, ಅಷ್ಟಾದರೆ ಸಾಕು. ಹೊಗಳುವಾಗ 'ಜಾಣೆ' ಎನ್ನುವುದಕ್ಕಿಂತ 'ಹತ್ತು ಎಣಿಸೋವರೆಗೂ ಬಾಯಿ ತೆರೆದಿದ್ದೆ' ಎಂದು ಮಾಡಿದ್ದನ್ನೇ ಹೇಳಿ. ಅಳುತ್ತಿರುವಾಗ 'ಅಳು ನಿಲ್ಲಿಸಿದರೆ ಐಸ್‌ಕ್ರೀಮ್' ಅನ್ನಬೇಡಿ, ಅತ್ತರೆ ಬೆಲೆ ಏರುತ್ತದೆಂದು ಮಕ್ಕಳು ಬೇಗ ಕಲಿಯುತ್ತಾರೆ.

ಚಿಕಿತ್ಸೆಯ ವಿಷಯದಲ್ಲಿ ತಂದೆತಾಯಿಗೆ ಗೊತ್ತಿರಬೇಕಾದ್ದು: ಹುಳುಕು ಹಲ್ಲೆಂದರೆ ಸೂಜಿ ಮತ್ತು ಡ್ರಿಲ್ ಆಗಲೇಬೇಕೆಂದಿಲ್ಲ. ನರಕ್ಕೆ ಸೋಂಕು ಮುಟ್ಟಿರದಿದ್ದರೆ 38% ಸಿಲ್ವರ್ ಡೈಅಮೈನ್ ಫ್ಲೋರೈಡ್ ದ್ರಾವಣ ಹಚ್ಚಿ ಹುಳುಕನ್ನು ತಡೆಯಬಹುದು. ಒಂದೆರಡು ನಿಮಿಷದ ಕೆಲಸ, ನೋವಿಲ್ಲ. ಹುಳುಕಾದ ಜಾಗ ಖಾಯಂ ಕಪ್ಪಾಗುತ್ತದೆ, ದವಡೆಹಲ್ಲಾದ್ದರಿಂದ ಅದು ದೊಡ್ಡ ವಿಷಯವಲ್ಲ ಅನ್ನುವುದು ನನ್ನ ಅಭಿಪ್ರಾಯ. ಸಾಮಾನ್ಯವಾಗಿ ಆರು ತಿಂಗಳಿಗೊಮ್ಮೆ ಮತ್ತೆ ಹಚ್ಚಬೇಕು. ಇನ್ನೊಂದು, ಸ್ಕಾಟ್ಲೆಂಡಿನ ದಂತವೈದ್ಯೆ ನಾರ್ನಾ ಹಾಲ್ ಅವರ ವಿಧಾನ: ಹುಳುಕನ್ನು ಕೊರೆಯದೆ, ಸೂಜಿ ಹಾಕಿ ಮರಗಟ್ಟಿಸದೆ, ಹಲ್ಲಿನ ಮೇಲೆ ಸ್ಟೀಲ್ ಟೋಪಿಯನ್ನು ಸಿಮೆಂಟ್ ಹಾಕಿ ಕೂರಿಸುವುದು. ಒಳಗೆ ಆಹಾರ ಸಿಗದೆ ಹುಳುಕು ನಿಲ್ಲುತ್ತದೆ. ಹಲ್ಲುಗಳ ನಡುವೆ ಜಾಗವಿಲ್ಲದಿದ್ದರೆ ಕೆಲವು ದಿನ ಮೊದಲು ಸಣ್ಣ ರಬ್ಬರ್ ಬಳೆ ಸಿಕ್ಕಿಸುತ್ತಾರೆ. ಟೋಪಿ ಹಾಕಿದ ಮೇಲೆ ಕೆಲ ದಿನ ಕಚ್ಚು ಎತ್ತರ ಅನಿಸುತ್ತದೆ, ಕೆಲವೇ ವಾರದಲ್ಲಿ ತಾನೇ ಸರಿಹೋಗುತ್ತದೆ. ಇವೆರಡೂ ಸಾಧ್ಯವೇ ಎಂದು ನೀವೇ ಬಾಯಿಬಿಟ್ಟು ಕೇಳಿ.

ಮರಗಟ್ಟಿಸುವುದು ಅನಿವಾರ್ಯವಾದರೆ ಅದರ ನೋವು ಹೆಚ್ಚಾಗಿ ಅವಸರದಿಂದ ಬರುತ್ತದೆ. ಸೂಜಿಗೆ ಮೊದಲು ಒಸಡನ್ನು ಒಣಗಿಸಿ, ಅದನ್ನು ಮರಗಟ್ಟಿಸುವ ಜೆಲ್ ಹಚ್ಚಿ ಒಂದೆರಡು ನಿಮಿಷ ಕಾಯಬೇಕು. ಒದ್ದೆ ಒಸಡಿಗೆ ಹಚ್ಚಿ ಹತ್ತು ಸೆಕೆಂಡಿಗೆ ಚುಚ್ಚಿದರೆ ಜೆಲ್ ಹಚ್ಚಿಯೂ ಪ್ರಯೋಜನವಿಲ್ಲ. ಔಷಧಿಯನ್ನು ನಿಧಾನ, ನಿಮಿಷಕ್ಕೆ ಸುಮಾರು ಒಂದು ಮಿಲಿ ಲೀಟರಿನಂತೆ ಬಿಡಬೇಕು. ಆಮೇಲೆ ಎರಡು ಮೂರು ಗಂಟೆ ತುಟಿ ಮರಗಟ್ಟಿರುತ್ತದೆ, ಆ ಹೊತ್ತಿನಲ್ಲಿ ಊಟ ಕೊಡಬೇಡಿ, ತುಟಿ ಕಚ್ಚಿಕೊಳ್ಳದಂತೆ ನೋಡಿಕೊಳ್ಳಿ. ಮರುದಿನ ತುಟಿ ಊದಿ ಬಿಳಿ ಹುಣ್ಣಾದರೆ ಅದು ಬಹುಮಟ್ಟಿಗೆ ಮಗುವೇ ಕಚ್ಚಿಕೊಂಡದ್ದು, ಸೋಂಕಲ್ಲ.

ಅಷ್ಟಾದರೂ ಆಗದಿದ್ದರೆ ನೈಟ್ರಸ್ ಆಕ್ಸೈಡ್ ಇದೆ, ಮೂಗಿನ ಮೇಲೆ ಮಾಸ್ಕ್ ಇಟ್ಟು ಆಮ್ಲಜನಕದ ಜೊತೆ ಕೊಡುವ ಅನಿಲ. ಮಗು ಎಚ್ಚರವಾಗಿಯೇ ಇರುತ್ತದೆ, ಭಯ ಮಾತ್ರ ಇಳಿಯುತ್ತದೆ. ನೆಗಡಿಯಿಂದ ಮೂಗು ಕಟ್ಟಿದ್ದರೆ ಅದು ಕೆಲಸ ಮಾಡುವುದಿಲ್ಲ, ಅಪಾಯಿಂಟ್‌ಮೆಂಟ್ ಮುಂದೂಡಿ. ಹಲವು ಹಲ್ಲು ಒಟ್ಟಿಗೆ ಹಾಳಾಗಿದ್ದರೆ ಆಸ್ಪತ್ರೆಯಲ್ಲಿ ಪೂರ್ತಿ ಅರಿವಳಿಕೆ. ನಾಲ್ಕು ಜನ ಕೈಕಾಲು ಒತ್ತಿ ಹಿಡಿದು ಕೆಲಸ ಮುಗಿಸುವುದನ್ನು, ತುರ್ತಲ್ಲದಿದ್ದರೆ, ಒಪ್ಪಬೇಡಿ. ಆ ದಿನ ಹಲ್ಲು ಉಳಿಯಬಹುದು, ಮುಂದೆ ಇಪ್ಪತ್ತು ವರ್ಷ ಆಕೆ ದಂತವೈದ್ಯರ ಕಡೆ ತಲೆ ಹಾಕುವುದಿಲ್ಲ.

ಅಲ್ಲಿಯವರೆಗೆ ನೋವಿಗೆ ಲವಂಗದ ಎಣ್ಣೆ ಬೇಡ, ಹತ್ತಿಯಲ್ಲಿ ಅದ್ದಿಟ್ಟದ್ದು ಒಸಡನ್ನು ಸುಡುತ್ತದೆ, ನುಂಗಿದರೆ ಇನ್ನೂ ಅಪಾಯ. ಪ್ಯಾರಾಸಿಟಮಾಲ್ ಸಾಕು, ಕಿಲೋ ತೂಕಕ್ಕೆ 10ರಿಂದ 15 ಮಿಲಿಗ್ರಾಂ, ಎರಡು ಡೋಸಿನ ನಡುವೆ ಆರು ಗಂಟೆ. 16 ಕಿಲೋ ಮಗುವಿಗೆ 160ರಿಂದ 240 ಮಿಲಿಗ್ರಾಂ. ಸಿರಪ್ಪುಗಳಲ್ಲಿ 5 ಮಿಲಿ ಲೀಟರಿಗೆ 120 ಮಿಲಿಗ್ರಾಂ ಇರುವುದೂ 250 ಇರುವುದೂ ಸಿಗುತ್ತವೆ, ಬಾಟಲಿ ಬದಲಾದಾಗ ಎಷ್ಟು ಮಿಲಿ ಲೀಟರ್ ಎಂದು ಹೊಸದಾಗಿ ಲೆಕ್ಕ ಹಾಕಿ. ಅನುಮಾನವಿದ್ದರೆ ನಿಮ್ಮ ಮಕ್ಕಳ ವೈದ್ಯರಿಗೆ ಫೋನ್ ಮಾಡಿ. ಆಸ್ಪಿರಿನ್ ಮಕ್ಕಳಿಗೆ ಕೊಡಲೇಬಾರದು.

ಹಲ್ಲಿನ ಕೆಲಸ ಮುಗಿದ ದಿನವೇ ಮೂರು ತಿಂಗಳ ನಂತರದ ಒಂದು ಭೇಟಿ ಬರೆಸಿಕೊಂಡು ಬನ್ನಿ, ಹಲ್ಲು ಎಣಿಸಿ, ಹುಳುಕು ತಡೆಯುವ ಫ್ಲೋರೈಡ್ ವಾರ್ನಿಷ್ ಹಚ್ಚಿಸಿಕೊಂಡು ಬರುವುದಕ್ಕೆ. ಮನೆಯಲ್ಲಿ ಇನ್ನೂ ಚಿಕ್ಕ ಮಗುವಿದ್ದರೆ ಅದನ್ನೂ ಅಂದೇ ಕರೆದೊಯ್ಯಿರಿ. ಮೊದಲ ಹಲ್ಲು ಮೂಡಿದ ಆರು ತಿಂಗಳೊಳಗೆ, ಹೆಚ್ಚೆಂದರೆ ಒಂದನೇ ಹುಟ್ಟುಹಬ್ಬದೊಳಗೆ, ಮೊದಲ ಭೇಟಿ ಆಗಬೇಕು.