ಬ್ರಿಟನ್‌ನಲ್ಲಿ ಸೇನೆ ಬಿಟ್ಟುಕೊಟ್ಟ ಮನೆ ಅಗ್ಗಕ್ಕೆ ಸಿಗುತ್ತಿದೆ, ಕೊಳ್ಳಬಹುದೇ?

ಲಿಂಕನ್‌ಷೈರ್‌ನ ಹಳೆಯ ವಾಯುನೆಲೆ, ಮೂರು ಕೋಣೆ, ದೊಡ್ಡ ಹಿತ್ತಲು, ಊರಿನ ಬೆಲೆಗಿಂತ ಕಡಿಮೆ ದರ. ನಿಮ್ಮ ಪ್ರಶ್ನೆ ಓದುತ್ತಿದ್ದಂತೆ ನಾನು ಕೊಂಡ ಮನೆಯ ಜಾಹೀರಾತನ್ನೇ ಮತ್ತೆ ಓದಿದಂತಾಯಿತು. ಹಿತ್ತಲೇನೋ ನಿಜಕ್ಕೂ ದೊಡ್ಡದು. ಬೆಂಗಳೂರಿನ ಮೂವತ್ತು-ನಲವತ್ತರ ಸೈಟಿನಲ್ಲಿ ಬೆಳೆದವನ ಬುದ್ಧಿ ಮಂಕಾಗಲು ಅಷ್ಟು ಸಾಕಾಯಿತು.

ಸರ್ಕಾರ ನಿಮಗೆ ಅಗ್ಗಕ್ಕೆ ಕೊಡುತ್ತಿದೆ ಎಂಬ ಎಣಿಕೆಯನ್ನು ಮೊದಲು ಬಿಡಿ. ಅದು ಅಗ್ಗಕ್ಕೆ ಕೊಟ್ಟದ್ದು 1996ರಲ್ಲಿ, ಅದೂ ಸಗಟಾಗಿ. ಸುಮಾರು 57,400 ಸೈನಿಕ ಕುಟುಂಬಗಳ ಮನೆಗಳನ್ನು ರಕ್ಷಣಾ ಇಲಾಖೆ 166 ಕೋಟಿ ಪೌಂಡಿಗೆ ಆನಿಂಗ್ಟನ್ ಎಂಬ ಕಂಪನಿಗೆ ಮಾರಿ, ಅವನ್ನೇ 200 ವರ್ಷಗಳ ಗುತ್ತಿಗೆಗೆ ಮರಳಿ ಪಡೆಯಿತು. ಇಲಾಖೆ ಬಾಡಿಗೆಯನ್ನೂ ಕೊಡಬೇಕಿತ್ತು, ದುರಸ್ತಿಯನ್ನೂ ತಾನೇ ಮಾಡಿಸಬೇಕಿತ್ತು. ಇಲಾಖೆ ಬೇಡವೆಂದು ಬಿಟ್ಟ ಮನೆಗಳನ್ನು ಕಂಪನಿ ಮಾರಿಕೊಳ್ಳಬಹುದಿತ್ತು. ತೆರಿಗೆದಾರರಿಗೆ ಇದರಿಂದ 220ರಿಂದ 420 ಕೋಟಿ ಪೌಂಡ್ ನಷ್ಟವೆಂದು ಅಲ್ಲಿನ ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿ 2018ರಲ್ಲಿ ಅಂದಾಜು ಮಾಡಿತು. ಕೊನೆಗೆ 2025ರ ಜನವರಿಯಲ್ಲಿ, ಉಳಿದಿದ್ದ 36,347 ಮನೆಗಳನ್ನು ಸರ್ಕಾರವೇ ಸುಮಾರು 600 ಕೋಟಿ ಪೌಂಡ್ ಕೊಟ್ಟು ವಾಪಸು ಕೊಂಡಿತು!

ನಾನು ಕೊಂಡದ್ದು ಒಬ್ಬ ಖಾಸಗಿ ಮಾಲೀಕರಿಂದ. ಗೋಡೆ, ಮಾಡು, ಬಾಯ್ಲರ್ ಎಲ್ಲವನ್ನೂ ತಟ್ಟಿ ನೋಡಿದೆ. ನೋಡದೆ ಬಿಟ್ಟದ್ದು ಕಾಲ ಕೆಳಗಿನದನ್ನು. ರಸ್ತೆ ಕೌನ್ಸಿಲ್‌ನ, ಅಂದರೆ ಅಲ್ಲಿನ ಸ್ಥಳೀಯ ಆಡಳಿತದ, ಸುಪರ್ದಿಯಲ್ಲಿಲ್ಲ ಎಂದು ವಕೀಲರ ವರದಿಯಲ್ಲಿ ಬರೆದಿತ್ತು, ನಾನು ಓದಿಯೂ ಇದ್ದೆ. ನಮ್ಮ ಕಡೆ ಖಾಸಗಿ ಬಡಾವಣೆಗಳು ಇಂದಲ್ಲ ನಾಳೆ ಪಾಲಿಕೆಗೆ ಸೇರುತ್ತವಲ್ಲ, ಇದೂ ಹಾಗೆಯೇ ಎಂದುಕೊಂಡೆ. ಇಲ್ಲಿ ಹಾಗಲ್ಲ. ನೆಲೆ ನಡೆಯುತ್ತಿದ್ದಾಗ ರಸ್ತೆ, ಬೀದಿದೀಪ, ಚರಂಡಿ ಎಲ್ಲವೂ ಸೇನೆಯವು. ಮನೆಗಳು ಬಿಡಿಬಿಡಿಯಾಗಿ ಕೈಬದಲಾದಾಗ ಇವು ಒಂದು ನಿರ್ವಹಣಾ ಕಂಪನಿಯ ಪಾಲಾದವು. ರಸ್ತೆಯನ್ನು ಕೌನ್ಸಿಲ್ ವಹಿಸಿಕೊಳ್ಳಬೇಕಾದರೆ ಮೊದಲು ಅದರ ಮಟ್ಟಕ್ಕೆ ತಕ್ಕಂತೆ ಯಾರಾದರೂ ಖರ್ಚು ಹಾಕಿ ಕಟ್ಟಿಕೊಡಬೇಕು. ಯಾರು ಹಾಕುತ್ತಾರೆ?

ಒಂದು ಡಿಸೆಂಬರ್ ಶನಿವಾರ ಹಿತ್ತಲಿನ ಮ್ಯಾನ್‌ಹೋಲ್ ಉಕ್ಕಿತು. ನೀರಿನ ಕಂಪನಿಗೆ ಫೋನ್ ಮಾಡಿದರೆ, ಅಲ್ಲಿ ಫೋನ್ ಎತ್ತಿದಾಕೆ ಪೋಸ್ಟ್‌ಕೋಡ್ ಕೇಳಿ, ಸ್ವಲ್ಪ ಹೊತ್ತು ಕೀಲಿಮಣೆ ಕುಟ್ಟಿ, "ಅದು ನಮ್ಮ ಕೊಳವೆಯಲ್ಲ" ಎಂದರು. 2011ರಲ್ಲಿ ಇಂಗ್ಲೆಂಡಿನ ಖಾಸಗಿ ಚರಂಡಿಗಳು ನೀರಿನ ಕಂಪನಿಗಳಿಗೆ ವರ್ಗವಾದವು, ಆದರೆ ಸಾರ್ವಜನಿಕ ಚರಂಡಿಗೆ ಸೇರುವಂಥವು ಮಾತ್ರ. ನಮ್ಮದು ಹೋಗುವುದು ವಾಯುನೆಲೆಯವರು ಕಟ್ಟಿದ್ದ ಹಳೆಯ ಶುದ್ಧೀಕರಣ ಘಟಕಕ್ಕೆ. ಅದರ ರಿಪೇರಿಯ ಖರ್ಚು ಎಲ್ಲ ಮನೆಗಳಿಗೂ ಹಂಚಿಕೆಯಾಗುತ್ತದೆ, ಮಿತಿಯಿಲ್ಲ. ಕೌನ್ಸಿಲ್ ತೆರಿಗೆಯಲ್ಲಿ ಇದಕ್ಕಾಗಿ ಒಂದು ಪೆನ್ನಿಯೂ ಕಡಿಮೆಯಾಗುವುದಿಲ್ಲ. ಮಾರೋಣವೆಂದು ಹೊರಟರೆ, ಬಂದ ಗಿರಾಕಿಗೆ ಸಾಲ ಕೊಡಬೇಕಿದ್ದ ಬ್ಯಾಂಕು ಮಿತಿಯಿಲ್ಲದ ಆ ಖರ್ಚಿನ ಕರಾರು ನೋಡಿಯೇ ಹಿಂದೆ ಸರಿಯಿತು.

ಅಗ್ಗವೋ ತುಟ್ಟಿಯೋ ಎಂಬ ಲೆಕ್ಕ ಆಮೇಲೆ. ನಿಮ್ಮ ಮನೆಯ ಕೊಳಚೆ ಎಲ್ಲಿಗೆ ಹೋಗುತ್ತದೆ, ರಸ್ತೆ ಯಾರದು, ನಿರ್ವಹಣಾ ಕಂಪನಿಗೆ ಕಟ್ಟುವ ವಾರ್ಷಿಕ ಶುಲ್ಕಕ್ಕೆ ಮೇಲ್ಮಿತಿ ಇದೆಯೇ ಎಂದು ವಕೀಲರಿಂದ ಕೇಳಿಸಿ. ಆ ಕಂಪನಿಯ ಕಳೆದ ಐದು ವರ್ಷಗಳ ಲೆಕ್ಕಪತ್ರವನ್ನೂ ತರಿಸಿಕೊಳ್ಳಿ. ಮೇಲ್ಮಿತಿ ಇಲ್ಲವೆಂದಾದರೆ ನಾನಂತೂ ಕೊಳ್ಳಬೇಡಿ ಎಂದೇ ಹೇಳುತ್ತೇನೆ, ಹಿತ್ತಲು ಎಷ್ಟೇ ದೊಡ್ಡದಿರಲಿ. ಉತ್ತರಗಳು ಬರಹದಲ್ಲಿ ಕೈಸೇರುವವರೆಗೆ ಮನೆ ಪರೀಕ್ಷಿಸುವ ಸರ್ವೇಯರ್‌ಗೂ ದುಡ್ಡು ಕಟ್ಟಬೇಡಿ.